ಒಲೆ ಹಚ್ಚದೆ ದಾಂಡೇಲಿ ಕಾಡಿನಲ್ಲಿ ಐದು ಹೊತ್ತಿನ ರೊಟ್ಟಿ ಊಟ

ಕುಳಗಿ ಹತ್ತಿರ ಟೆಂಟಿನಲ್ಲಿ ಎರಡು ರಾತ್ರಿ ಇದ್ದು, ಹನ್ನೆರಡು ಜನ ಐದು ಹೊತ್ತು ರೊಟ್ಟಿ ಊಟ ಮಾಡಿ, ಒಂದು ಕಡ್ಡಿಯನ್ನೂ ಗೀರದೆ ಬಾಗಲಕೋಟೆಗೆ ವಾಪಸ್ ಬಂದಿದ್ದೇವೆ. ಕೊನೆಯ ದಿನ ಮಧ್ಯಾಹ್ನ ತೆಗೆದ ಡಬ್ಬಿಯ ರೊಟ್ಟಿ ಮುರಿದಾಗ ಕಟ್ ಅಂತ ಸಪ್ಪಳ ಬಂತು. ಇದು ಆಗೋದಿಲ್ಲ ಅಂತ ನಮ್ಮ ಓಣಿಯವರಿಂದ ಹಿಡಿದು ಧಾರವಾಡದ ಬೀಗರವರೆಗೆ ಎಲ್ಲರೂ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಟೆಂಟಿನಲ್ಲಿ ಇದ್ದು ಬಂದವರಿಗೆ ಬುಕಿಂಗ್, ಸಫಾರಿ, ಹಾಸಿಗೆ ಇವೆಲ್ಲ ಗೊತ್ತಿರುವ ಮಾತು. ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ ಅನ್ನೋದೂ ಗೊತ್ತೇ ಇದೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ಅಲ್ಲಿ ಕಲ್ಲು ಹೂಡಿ ಒಲೆ ಹಚ್ಚುತ್ತೇನೆ ಅನ್ನುವವರು ಮನೆಯಲ್ಲೇ ಇರುವುದು ಒಳ್ಳೆಯದು. ಹಾಗಾಗಿ ಉಳಿಯುವ ದಾರಿ ಒಂದೇ, ಊಟ ಸೇರಿಸಿದ ಪ್ಯಾಕೇಜು.

ಪ್ಯಾಕೇಜು ನಮಗೆ ಒಗ್ಗಲಿಲ್ಲ. ನಮ್ಮ ಅತ್ತೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವರಲ್ಲ. ಕೋಳಿ ಬೇಯಿಸಿದ ಸೌಟು ಸಾರಿಗೆ ಬಿದ್ದಿರಬಹುದು ಅನ್ನೋ ಅನುಮಾನ ಬಂದರೆ ಸಾಕು, ಅವತ್ತು ಅವರಿಗೆ ಉಪವಾಸ. ಗುಂಪಿನಲ್ಲಿ ಸಕ್ಕರೆ ಕಾಯಿಲೆಯವರು ಇಬ್ಬರು, ಅನ್ನ ಮುಟ್ಟುವುದಿಲ್ಲ. ಇನ್ನು ಬೆಳಗಿನ ಸಫಾರಿ ಮುಗಿಸಿ ಬಂದವರಿಗೆ ಹಸಿವು, ತಿಂಡಿ ನೋಡಿದರೆ ಎಂಟೂವರೆಗೆ. ಕೊನೆಗೆ ದುಡ್ಡು. ಊಟಕ್ಕೆ ಅಂತ ತಲೆಗೆ ಹೆಚ್ಚುಕಡಿಮೆ 950 ರೂಪಾಯಿ ಬೀಳುತ್ತಿತ್ತು. ಹನ್ನೆರಡು ಜನಕ್ಕೆ 11,000ದ ಮೇಲೆ. "ಊಟ ಬಿಟ್ಟು ರೇಟು ಹೇಳ್ರೀ" ಅಂತ ಕೇಳಿದರೆ ಮೊದಲು ಎಲ್ಲ ಕಡೆ ಇಲ್ಲ ಅಂದರು. ಜನವರಿ ಮುಗಿದ ಮೇಲೆ, ವಾರದ ನಡುವಿನ ದಿನ ಕೇಳಿ ನೋಡಿ. ಹೂಂ ಅನ್ನುವವರು ಸಿಗುತ್ತಾರೆ.

ಸರಿ, ಒಣಗಿಸಿ ಗರಿಗರಿ ಮಾಡಿದ ಖಡಕ್ ರೊಟ್ಟಿ ಒಯ್ಯೋಣ ಅಂತಾಯಿತು. ತಿಂಗಳುಗಟ್ಟಲೆ ಇರುವ ವಸ್ತು, ಎರಡು ರಾತ್ರಿ ಇರೋದಿಲ್ವಾ? ಇರಲಿಲ್ಲ. ನಮ್ಮಲ್ಲಿ ರೊಟ್ಟಿಯನ್ನು ಬಟ್ಟೆ ಸುತ್ತಿ ಬುಟ್ಟಿಯಲ್ಲಿ ಇಡುತ್ತೇವೆ. ಗಾಳಿಯಾಡಿದಷ್ಟೂ ಅದು ಗರಿಗರಿ. ಅದೇ ಬುಟ್ಟಿಯನ್ನು ದಸರಾ ರಜೆಯಲ್ಲಿ ದಾಂಡೇಲಿಗೆ ಒಯ್ದಾಗ ಮರುದಿನ ಬೆಳಿಗ್ಗೆ ರೊಟ್ಟಿ ಒದ್ದೆ ರಟ್ಟಿನಂತೆ ಬಾಗುತ್ತಿತ್ತು. ಮಧ್ಯಾಹ್ನಕ್ಕೆ ಮುಗ್ಗು ವಾಸನೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ನಮ್ಮ ಸೀಮೆಯ ಗಾಳಿ ಬೇರೆ, ಘಟ್ಟದ ಗಾಳಿ ಬೇರೆ. ಇಲ್ಲಿ ಗಾಳಿ ರೊಟ್ಟಿಯ ತೇವ ಎಳೆಯುತ್ತದೆ, ಅಲ್ಲಿ ರೊಟ್ಟಿಯೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಪ್ಪತ್ತು ಎಂಬತ್ತು ರೊಟ್ಟಿ ಹಾಳಾದವು. ಆ ಸಲ ಉಳಿದ ಊಟಕ್ಕೆಲ್ಲ ದುಡ್ಡು ಕೊಟ್ಟೆವು. ಭಾವ ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾರೆ.

ಮುಂದಿನ ಸಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿದೆವು. ತೇವ ಒಳಗೆ ಬರಲಿಲ್ಲ, ಆದರೆ ಕ್ರೂಸರ್ ಗಾಡಿಯ ಮೇಲೆ ಹೇರಿದ್ದ ರೊಟ್ಟಿ ಸವದತ್ತಿ ದಾಟುವುದರಲ್ಲಿ ಅರ್ಧ ನುಚ್ಚಾಗಿತ್ತು. ಕಾಡಿನ ಗೇಟಿನಲ್ಲಿ ಪ್ಲಾಸ್ಟಿಕ್ ನೋಡಿದರೆ ಕೇಳುತ್ತಾರೆ ಅನ್ನೋದೂ ಒಂದು ತಲೆನೋವು. ನುಚ್ಚಾದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕೊಚ್ಚಿ ಹಾಕಿ ತಿಂದೆವು. ಚೆನ್ನಾಗಿಯೇ ಇತ್ತು. ಆದರೆ ಐದು ಹೊತ್ತೂ ಅದನ್ನೇ ತಿನ್ನಿ ಅಂದರೆ ಯಾರು ಬರುತ್ತಾರೆ?

ಎಣ್ಣೆ ಡಬ್ಬಿ ಬಂದಿದ್ದು ಆಮೇಲೆ. 15 ಕೆ.ಜಿ.ಯ ತಗಡಿನ ಡಬ್ಬಿ, ಕಿರಾಣಿ ಅಂಗಡಿಯಲ್ಲಿ 40–50 ರೂಪಾಯಿಗೆ ಕೊಡುತ್ತಾರೆ. ಬಿಸಿನೀರು, ಶೀಗೆಕಾಯಿ ಪುಡಿ ಹಾಕಿ ತಿಕ್ಕಿ, ಬಿಸಿಲಲ್ಲಿ ಬೋರಲು ಹಾಕಬೇಕು. ತಗಡಿನ ಕೆಲಸದವರ ಹತ್ತಿರ ಒಯ್ದು ಹತ್ತು ಇಂಚು ಎತ್ತರಕ್ಕೆ ಕತ್ತರಿಸಿ, ಅಂಚು ಮಡಿಸಿ, ಬಿಗಿಯಾಗಿ ಕೂರುವ ಮುಚ್ಚಳ ಮಾಡಿಸಿದೆ. ಒಂದಕ್ಕೆ 80 ರೂಪಾಯಿಯೋ 90ಓ ತೆಗೆದುಕೊಂಡರು. ಡಬ್ಬಿಯ ಬಾಯಿ ಒಂಬತ್ತು ಇಂಚಿಗೆ ಸ್ವಲ್ಪ ಜಾಸ್ತಿ. ನಮ್ಮ ಕಡೆ ರೊಟ್ಟಿ ಅದಕ್ಕಿಂತ ಅಗಲ. ಮುರಿದು ಹಾಕಿದರೆ ಮತ್ತೆ ನುಚ್ಚು. ಹಾಗಾಗಿ ನವನಗರದಲ್ಲಿ ರೊಟ್ಟಿ ಮಾಡಿ ಕೊಡುವ ಅಕ್ಕನ ಹತ್ತಿರ ಹೋಗಿ, ಒಂಬತ್ತು ಇಂಚಿನ ಒಳಗೆ ಬರುವಂತೆ ಬಡಿದು ಕೊಡಿ ಅಂದೆ.

"ಏನ್ರೀ ಸರ, ಡಬ್ಬಿ ಅಳತಿಗೆ ರೊಟ್ಟಿ ಬಡೀಬೇಕಾ? ನಾವೇನು ಅಂಗಿ ಹೊಲ್ಯಾಕ ಕುಂತೀವೇನ್ರಿ?"

ನಕ್ಕರು, ಆದರೆ ಮಾಡಿಕೊಟ್ಟರು. ತಟ್ಟೆಯೊಂದನ್ನು ಅಳತೆಗೆ ಇಟ್ಟುಕೊಂಡು ಬಡಿದರು. ಒಂದಕ್ಕೆ 6 ರೂಪಾಯಿ. ಜೋಳ ಮಾಲ್ದಂಡಿ ತಳಿಯದೇ ಆಗಬೇಕು ಅಂತ ಹೇಳಿದ್ದೆ. ಹೈಬ್ರಿಡ್ ಜೋಳದ ರೊಟ್ಟಿ ಖಡಕ್ ಆದಮೇಲೆ ಅಂಚು ಉದುರುತ್ತದೆ, ನಾನೇ ನೋಡಿದ್ದೇನೆ. ಸಜ್ಜೆಯದೂ ಮಾಡಿಸಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ರುಚಿಗೆ ಮೇಲು, ಆದರೆ ಬೇಗ ಕಮಟು ವಾಸನೆ ಬರುತ್ತದೆ. ಅದನ್ನು ಮೊದಲ ರಾತ್ರಿಯೇ ಮುಗಿಸಬೇಕು.

ಡಬ್ಬಿ ಇದ್ದರೂ ಒಂದು ಸಲ ಕೆಟ್ಟಿತು. ಕಾರಣ ಎರಡು. ಬೆಳಿಗ್ಗೆ ಆರಕ್ಕೆ ಹೊರಡಬೇಕು ಅಂತ ನಸುಕಿನಲ್ಲಿ ತುಂಬಿದ್ದೆವು. ನಸುಕಿನ ತಂಪು ಗಾಳಿಯ ತೇವ ರೊಟ್ಟಿಯ ಜೊತೆ ಡಬ್ಬಿಯೊಳಗೇ ಉಳಿಯಿತು. ಎರಡನೆಯದು, ದೊಡ್ಡ ಡಬ್ಬಿ ಎರಡೇ ಇದ್ದವು. ಪ್ರತಿ ಊಟಕ್ಕೂ ಮುಚ್ಚಳ ತೆಗೆದಾಗ ಘಟ್ಟದ ಗಾಳಿ ಒಳಗೆ ಹೋಗಿ ಕೂತುಕೊಂಡಿತು.

ಈಗ ಹೀಗೆ ಮಾಡುತ್ತೇವೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ, ಮಾಳಿಗೆಯ ಮೇಲೆ, ಡಬ್ಬಿ ಮತ್ತು ರೊಟ್ಟಿ ಎರಡನ್ನೂ ಒಂದು ತಾಸು ಬಿಸಿಲಿಗೆ ಇಡುತ್ತೇವೆ. ಡಬ್ಬಿ ಮುಟ್ಟಿದರೆ ಕೈ ಚುರ್ ಅನ್ನಬೇಕು. ಅಲ್ಲೇ ನಿಂತು ತುಂಬಿ, ಅಲ್ಲೇ ಮುಚ್ಚುತ್ತೇವೆ. ಒಂದು ಡಬ್ಬಿಯಲ್ಲಿ ಒಂದೇ ಊಟ, ಮೂವತ್ತು ರೊಟ್ಟಿ. ಮುಚ್ಚಳದ ಸುತ್ತ ಸ್ಕೂಟರಿನ ಹಳೇ ಟ್ಯೂಬು ಕತ್ತರಿಸಿದ ಪಟ್ಟಿ ಬಿಗಿಯಾಗಿ ಎಳೆದು ಹಾಕುತ್ತೇವೆ. ಟೇಪು ತಂಪಿಗೆ ಬಿಟ್ಟುಕೊಳ್ಳುತ್ತದೆ, ಟ್ಯೂಬು ಬಿಡುವುದಿಲ್ಲ. ತೆಗೆದ ಡಬ್ಬಿಯಲ್ಲಿ ರೊಟ್ಟಿ ಉಳಿದರೆ ಅದು ಮರಳಿ ಡಬ್ಬಿಗೆ ಹೋಗುವಂತಿಲ್ಲ, ಮಜ್ಜಿಗೆಗೆ ಹೋಗಬೇಕು. ಡಬ್ಬಿಯ ತಳದಲ್ಲಿ ಒಂದು ಪುಟ್ಟ ಬಟ್ಟೆ ಗಂಟನ್ನೂ ಇಡುತ್ತೇವೆ. ಅದರಲ್ಲಿ ಏನಿದೆ ಅಂತ ಹೇಳೋದಿಲ್ಲ. ಹುರಿದ ಉಪ್ಪು ಅಲ್ಲ, ಹುರಿದ ಅಕ್ಕಿಯೂ ಅಲ್ಲ, ಅವೆರಡನ್ನೂ ನೋಡಿ ಬಿಟ್ಟಿದ್ದೇವೆ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಚೀಲ ಹಾಕೋಣ ಅಂದಾಗ ನನ್ನ ಹೆಂಡತಿ ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು.

ರೊಟ್ಟಿ ಕೆಡದೆ ನಿಂತಮೇಲೆ ಜೊತೆಗೆ ಏನು ಅನ್ನೋದು ಅಷ್ಟು ಕಷ್ಟವಲ್ಲ. ಶೇಂಗಾ ಚಟ್ನಿ ಪುಡಿ ಒಂದು ಕೆ.ಜಿ., ಗುರೆಳ್ಳು ಅರ್ಧ, ಅಗಸಿ ಕಾಲು. ಬದನೆಕಾಯಿ ಎಣ್ಣೆಗಾಯಿ ಮೊದಲ ದಿನದ ರಾತ್ರಿವರೆಗೆ ಮಾತ್ರ. ಕಡಲೆಹಿಟ್ಟಿನ ಜುಣಕದ ವಡಿ ಮರುದಿನ ಮಧ್ಯಾಹ್ನದವರೆಗೆ ಬಂತು. ಅದಕ್ಕಿಂತ ಮುಂದೆ ಒಯ್ಯಬೇಡಿ. ಮೆಂತ್ಯ ಪಲ್ಲೆ, ಹಕ್ಕರಿಕಿ, ಗಜ್ಜರಿ, ಸವತೆಕಾಯಿ ಎಲ್ಲ ಹಸಿಯಾಗಿಯೇ ತಿನ್ನುವ ಜನ ನಾವು, ಹಾಗಾಗಿ ಒಲೆಯ ನೆನಪೂ ಬರುವುದಿಲ್ಲ. ಸೊಪ್ಪನ್ನು ತೊಳೆಯದೆ ಒಯ್ದು ಅಲ್ಲೇ ತೊಳೆಯಬೇಕು.

ಮಡಕಿ ಕಾಳಿನದು ಸುಮ್ನೆ ನೋಡೋಣ ಅಂತ ಮಾಡಿದ್ದು. ಹೊರಡುವ ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಸೀಟಿನ ಕೆಳಗೆ ಇಟ್ಟೆವು. ಎರಡನೇ ದಿನ ಮಧ್ಯಾಹ್ನ ಬಿಚ್ಚಿದರೆ ಬಿಳಿ ಮೊಳಕೆ ಬಟ್ಟೆಯ ಎಳೆಯೊಳಗೆ ತೂರಿ ಹೊರಗೆ ಬಂದಿತ್ತು. ಕಿತ್ತು ತೆಗೆಯಬೇಕಾಯಿತು. ಲಿಂಬೆಹುಳಿ, ಉಪ್ಪು, ಉಳ್ಳಾಗಡ್ಡಿ, ಮೇಲೆ ಶೇಂಗಾ ಚಟ್ನಿ. ಹುಡುಗರು ರೊಟ್ಟಿ ಬಿಟ್ಟು ಅದನ್ನೇ ಬಾಚಿ ತಿಂದರು. ರೊಟ್ಟಿ ಕೆಡಿಸಿದ ಹವೆಯೇ ಮಡಕಿಗೆ ಒಗ್ಗಿತ್ತು.

ಮೊಸರು ಕಾಟ ಕೊಟ್ಟಿತು. ಸ್ಟೀಲ್ ಕ್ಯಾನಿನ ಮೊಸರು ಎರಡನೇ ದಿನ ಹುಳಿಯಾಗಿ, ಉಕ್ಕಿ, ಮುಚ್ಚಳ ಎದ್ದು ಕ್ರೂಸರ್ ತುಂಬ ಚೆಲ್ಲಿತು. ಡ್ರೈವರ್ ತೊಳೆಸಲು 300 ರೂಪಾಯಿ ಕೇಳಿ ತೆಗೆದುಕೊಂಡ. ಈಗ ಶ್ರೀಖಂಡಕ್ಕೆ ಮಾಡುವಂತೆ ಬಟ್ಟೆಯಲ್ಲಿ ಕಟ್ಟಿ ಚಕ್ಕಾ ಮಾಡಿ, ಉಪ್ಪು ಕಲಸಿ, ಬರ್ಫದ (ಐಸ್) ಡಬ್ಬಿಯಲ್ಲಿ ಒಯ್ಯುತ್ತೇವೆ. ಬರ್ಫ ದಾಂಡೇಲಿಯಲ್ಲಿ ಮತ್ತೊಮ್ಮೆ ತುಂಬಿಸಿಕೊಳ್ಳಬೇಕು. ಊಟದ ಹೊತ್ತಿಗೆ ನೀರು ಬೆರೆಸಿ ಕಡೆದರೆ ಮಜ್ಜಿಗೆ. ನಾಲ್ಕು ಲೀಟರ್ ಮೊಸರು ಹಿಡಿಸುವ ಜಾಗವೂ ಉಳಿಯಿತು.

ಬೆಳಗಿನ ತಿಂಡಿ ಅವಲಕ್ಕಿ. ತೆಳು ಅವಲಕ್ಕಿಗೆ ಮನೆಯಲ್ಲೇ ಒಗ್ಗರಣೆ ಹಾಕಿ ಚೂಡಾ ಮಾಡಿ ಒಯ್ದಿರುತ್ತೇವೆ. ಬೇಕಾದವರು ಚಕ್ಕಾದ ನೀರುಮೊಸರಿಗೆ ಗಟ್ಟಿ ಅವಲಕ್ಕಿ ಕಲಸಿಕೊಳ್ಳುತ್ತಾರೆ. ಪಕ್ಕದ ಟೆಂಟಿನವರು ತಿಂಡಿಗೆ ಕಾಯುತ್ತಾ ಫೋನು ನೋಡುತ್ತಿದ್ದರು. ನಾವು ಅಷ್ಟೊತ್ತಿಗೆ ತಿಂದು ಕೈ ತೊಳೆದು ಗೋಳಿ ಮರದ ಹತ್ತಿರ ಕತ್ತೆತ್ತಿ ನಿಂತಿದ್ದೆವು. ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಹಣ್ಣಿಗೆ ಬಂದಿದ್ದವು. ಆ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆ ಇವೆ. ನಮಗೆ ಎರಡು ಸಿಕ್ಕವು. ರೆಕ್ಕೆ ಬಡಿತದ ಸದ್ದು ಕೇಳಿ ಅತ್ತೆ "ಯವ್ವಾ, ರೈಲು ಬಂತೇನ?" ಅಂದರು.

ಸಿಹಿಗೆ ಅಮೀನಗಡದ ಕರದಂಟು. ಅದಕ್ಕೆ ಏನೂ ಆಗುವುದಿಲ್ಲ. ಬೆಳಗಾವಿಯಿಂದ ಬಂದು ಸೇರಿಕೊಂಡ ಗೆಳೆಯ ಕುಂದಾ ತಂದಿದ್ದ. ಖೋವಾದ ಪದಾರ್ಥ, ಮರುದಿನಕ್ಕೆ ಮೇಲೆ ನೀರು ಬಿಟ್ಟಿತ್ತು. ಕುಂದಾ ತಂದರೆ ಬಂದ ದಿನವೇ ಖಾಲಿ ಮಾಡಿ.

ಚಹಾ ಒಂದನ್ನು ಮಾತ್ರ ದುಡ್ಡು ಕೊಟ್ಟು ಕುಡಿದೆವು. ಅದನ್ನೂ ತಪ್ಪಿಸಬೇಕು ಅಂತ ಮನೆಯ ಹಿತ್ತಲಲ್ಲಿ ಒಂದು ಪ್ರಯೋಗ ನಡೆಸಿದ್ದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯುತ್ತದೆ ಅಲ್ವಾ? ನಮ್ಮ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿಗೇನು ಬರ? ಬಕೆಟ್ಟಿನಲ್ಲಿ ಕಲ್ಲು ಹಾಕಿ, ನಡುವೆ ಚಹಾದ ಸ್ಟೀಲ್ ಡಬ್ಬಿ ಇಟ್ಟು ನೀರು ಸುರಿದೆ. ಬುಸುಬುಸು ಅಂತ ಹೊಗೆ ಬಂತು, ಬಕೆಟ್ಟು ಸೊಟ್ಟಗಾಯಿತು, ಚಹಾ ಮಾತ್ರ ಉಗುರು ಬೆಚ್ಚಗೆ. ಆ ಸುಣ್ಣ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಮಕ್ಕಳಿರುವ ಕಡೆ ಆ ಆಟ ಬೇಡ. ಎರಡು ಲೀಟರಿನ ಒಳ್ಳೆಯ ಫ್ಲಾಸ್ಕಿಗೆ 1,200 ಕೊಟ್ಟಿದ್ದೇ ವಾಸಿ. ದಾಂಡೇಲಿಯಲ್ಲಿ ತುಂಬಿಸಿದ ಚಹಾ ರಾತ್ರಿ ಒಂಬತ್ತಕ್ಕೂ ಬಿಸಿ ಇರುತ್ತದೆ.

ಊಟದ ಯಾವ ವಸ್ತುವನ್ನೂ ಟೆಂಟಿನೊಳಗೆ ಇಡಬೇಡಿ. ಬೆಳ್ಳುಳ್ಳಿ ಹಾಕಿದ ಚಟ್ನಿಯ ವಾಸನೆ ನಮಗೇ ಹತ್ತು ಮಾರು ದೂರ ಬರುತ್ತದೆ. ಕರಡಿ, ಹಂದಿ ಇರುವ ಕಾಡು ಅದು. ಎಲ್ಲ ಡಬ್ಬಿಯೂ ಗಾಡಿಯೊಳಗೆ, ಗಾಜು ಏರಿಸಿ. ಹಗಲಿಗೆ ಮಂಗ. ನಮ್ಮ ಕಣ್ಣೆದುರೇ ಪಕ್ಕದವರ ಬ್ರೆಡ್ಡು ಮರ ಹತ್ತಿತು. ನಮ್ಮ ಡಬ್ಬಿಯನ್ನೂ ಒಂದು ಗಡವ ತಡವಿ, ಬಡಿದು, ಮುಚ್ಚಳ ಎಳೆದು ನೋಡಿತು. ಟ್ಯೂಬಿನ ಪಟ್ಟಿ ಬಿಡಲಿಲ್ಲ.

ಇಷ್ಟಕ್ಕೆ ಖರ್ಚು ನೆನಪಿದ್ದಂತೆ ಹೇಳುತ್ತೇನೆ. ರೊಟ್ಟಿ 150ಕ್ಕೆ 900. ಚಟ್ನಿಗಳು 700ರ ಹತ್ತಿರ. ಮೊಸರು, ಕಾಯಿಪಲ್ಲೆ, ಕಾಳು, ಅವಲಕ್ಕಿ, ಎಣ್ಣೆ ಸೇರಿ 1,600. ಕರದಂಟು 600. ಚಹಾ, ಬರ್ಫ 500. ಒಟ್ಟು 4,300 ಅಂತ ಹಿಡಿಯಿರಿ. ಡಬ್ಬಿ, ಫ್ಲಾಸ್ಕು ಬೇರೆ, ಆದರೆ ಅವು ಒಮ್ಮೆಯ ಖರ್ಚು. ಪ್ಯಾಕೇಜಿನ ಮುಂದೆ 7,000 ಉಳಿಯಿತು. ಗಾಡಿಗೆ ಹೋಗಿಬರುವುದು 400 ಕಿ.ಮೀ. ಮೇಲೆಯೇ ಆಗುತ್ತದೆ, ಕಿ.ಮೀ.ಗೆ 16 ರೂಪಾಯಿ. ಅಂದರೆ ಊಟದಲ್ಲಿ ಉಳಿದದ್ದು ಹೆಚ್ಚುಕಡಿಮೆ ಗಾಡಿ ಬಾಡಿಗೆಗೆ ಸರಿಹೋಯಿತು. ಭಾವನಿಗೆ ಈ ಲೆಕ್ಕ ಎರಡು ಸಲ ಓದಿ ಹೇಳಿದ್ದೇನೆ. ಮುಂದಿನ ಸಲ ಅವರೂ ಬರುತ್ತಾರಂತೆ. ಎಣ್ಣೆಗಾಯಿ ಎರಡನೇ ದಿನಕ್ಕೂ ಇರಬೇಕು ಅನ್ನೋದು ಅವರ ಷರತ್ತು. ನೀರು ತಾಗಿಸದೆ ಎಣ್ಣೆಯಲ್ಲೇ ಬಾಡಿಸಿ, ಹುಣಸೆಹುಳಿ ಜಾಸ್ತಿ ಮಾಡಿ ನೋಡುತ್ತಿದ್ದೇವೆ. ಮನೆಯಲ್ಲಿ ಕೆಡದೆ ನಿಂತಿದೆ, ಘಟ್ಟದಲ್ಲಿ ಇನ್ನೂ ನೋಡಬೇಕು.

ಸಂಕ್ರಾಂತಿಯ ಆಸುಪಾಸಿನಲ್ಲಿ ಹೋಗುವವರು ರೊಟ್ಟಿ ಹೇಳುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಭೋಗಿಗೆ ಸಜ್ಜೆ ರೊಟ್ಟಿ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಆಗ ರೊಟ್ಟಿ ಬಡಿಯುವವರಿಗೆ ಪುರುಸೊತ್ತು ಇರುವುದಿಲ್ಲ. ಎಂಟು ಹತ್ತು ದಿನ ಮೊದಲೇ ದುಡ್ಡು ಕೊಟ್ಟು, ಡಬ್ಬಿಯ ಅಳತೆಯ ತಟ್ಟೆಯನ್ನೂ ಅವರ ಹತ್ತಿರವೇ ಬಿಟ್ಟು ಬನ್ನಿ.