ಚೌಕದೊಳಗೆ ಚೌಕ: ಪಕ್ಕದ ಬಣ್ಣದೊಡನೆ ನನ್ನ ಅನುಭವ

ಚೌಕ, ವೃತ್ತಗಳಂಥ ಆಕಾರಗಳಷ್ಟೇ ಇರುವ ಜ್ಯಾಮಿತೀಯ ಅಮೂರ್ತ ಚಿತ್ರವೆಂದರೆ ಅಳತೆಪಟ್ಟಿ ಇರಿಸಿ ಗೆರೆ ಎಳೆಯಬಲ್ಲ ಯಾರಿಗಾದರೂ ಒಗ್ಗುವ ಕೆಲಸವೆಂಬ ಅಭಿಪ್ರಾಯ ಚಿತ್ರ ನೋಡುವವರಲ್ಲಿ ಮಾತ್ರವಲ್ಲ, ಚಿತ್ರ ಬರೆಯುವವರಲ್ಲೂ ಇದೆ. ಗೆರೆಯ ಮಟ್ಟಿಗೆ ಅದು ಸುಳ್ಳೇನೂ ಅಲ್ಲ. ಆದರೆ ಕೆಲವು ವರ್ಷಗಳಿಂದ ಚೌಕದೊಳಗೆ ಚೌಕವನ್ನಷ್ಟೇ ಬರೆಯುತ್ತ ಬಂದಿರುವ ನನಗೆ, ಈ ಕೆಲಸದ ತೊಡಕೆಲ್ಲ ಗೆರೆಯ ಆಚೆ ಈಚೆ ಕೂರುವ ಬಣ್ಣಗಳಲ್ಲಿದೆ ಎಂಬುದು ಖಚಿತವಾಗುತ್ತ ಹೋಗಿದೆ. ಒಂದು ಬಣ್ಣ ಹೇಗೆ ಕಾಣಬೇಕೆಂಬುದನ್ನು ಅದರ ಪಕ್ಕದ ಬಣ್ಣ ತೀರ್ಮಾನಿಸುತ್ತದೆ. ಆಕಾರ ಸರಳವಾದಷ್ಟೂ ಈ ತೀರ್ಮಾನ ಎದ್ದು ಕಾಣುತ್ತದೆ.

ನಾನು ಹಿಡಿದದ್ದು ಯೋಸೆಫ್ ಆಲ್ಬರ್ಸ್ ಅವರ ದಾರಿಯನ್ನು. 1888ರಲ್ಲಿ ಜರ್ಮನಿಯ ಬೊಟ್ರಾಪ್‌ನಲ್ಲಿ ಹುಟ್ಟಿ, ಬೌಹೌಸ್ ಎಂಬ ಕಲೆ-ವಿನ್ಯಾಸ ಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1933ರಲ್ಲಿ ನಾಜಿಗಳ ಒತ್ತಡದಿಂದ ಆ ಶಾಲೆ ಮುಚ್ಚಿದ ಮೇಲೆ ಅಮೆರಿಕಕ್ಕೆ ಹೋದ ಆಲ್ಬರ್ಸ್, ‘ಹೋಮೇಜ್ ಟು ದ ಸ್ಕ್ವೇರ್’ (ಚೌಕಕ್ಕೆ ನಮನ) ಎಂಬ ಸರಣಿಯನ್ನು ಆರಂಭಿಸಿದ್ದು 1950ರಲ್ಲಿ, ಅರವತ್ತು ದಾಟಿದ ಮೇಲೆ. 1976ರಲ್ಲಿ ತೀರಿಕೊಳ್ಳುವವರೆಗೂ ಅದೇ ಸರಣಿಯಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದರು. ಒಂದೇ ವಿನ್ಯಾಸವನ್ನು ಇಷ್ಟು ಕಾಲ ಹಿಡಿದು ಕೂತದ್ದನ್ನು ಕಲ್ಪನೆಯ ಬಡತನವೆಂದು ಕರೆಯುವವರಿದ್ದಾರೆ. ನನಗೆ ಅದು ಬುದ್ಧಿವಂತಿಕೆಯಾಗಿ ಕಂಡಿತು, ಏಕೆಂದರೆ ಆಕಾರವನ್ನು ಒಮ್ಮೆ ನಿರ್ಧರಿಸಿ ಬದಿಗಿಟ್ಟರೆ ಉಳಿಯುವುದು ಬಣ್ಣವೊಂದೇ, ಮತ್ತು ಬಣ್ಣ ಕೆಟ್ಟರೆ ಅದನ್ನು ಮರೆಮಾಚಲು ಬೇರೇನೂ ಇರುವುದಿಲ್ಲ.

ಅವರ ವಿನ್ಯಾಸದ ಲೆಕ್ಕ ಸುಲಭವಾದದ್ದು. ಇಡೀ ಚಿತ್ರವನ್ನು ಹತ್ತು ಭಾಗ ಉದ್ದ, ಹತ್ತು ಭಾಗ ಅಗಲದ ಚೌಕವೆಂದು ಎಣಿಸಿದರೆ ಒಳಗಿನ ಚೌಕಗಳ ಅಳತೆ ಕ್ರಮವಾಗಿ ಎಂಟು, ಆರು ಮತ್ತು ನಾಲ್ಕು ಭಾಗ. ಈ ಚೌಕಗಳನ್ನು ನಡುಮಧ್ಯದಲ್ಲಿ ಕೂರಿಸದೆ ಕೆಳಕ್ಕೆ ಜಗ್ಗಿ ಇರಿಸಲಾಗುತ್ತದೆ: ಕೆಳಗಿನ ಅಂಚು ಒಂದು ಪಾಲಾದರೆ ಎಡಬಲದ ಅಂಚುಗಳು ಎರಡು ಪಾಲು, ಮೇಲಿನದು ಮೂರು ಪಾಲು. ನಾನು ಬಳಸುವುದು 40 ಸೆಂ.ಮೀ. ಹಲಗೆ, ಅದರಲ್ಲಿ ಚೌಕಗಳು 32, 24 ಮತ್ತು 16 ಸೆಂ.ಮೀ. ಆಗುತ್ತವೆ, ಒಂದೊಂದು ಪಟ್ಟಿಯೂ ಕೆಳಗೆ 2, ಪಕ್ಕಗಳಲ್ಲಿ 4, ಮೇಲೆ 6 ಸೆಂ.ಮೀ. ಅಗಲವಾಗುತ್ತದೆ. ನಾಲ್ಕು ಚೌಕಗಳ ಬದಲು ಮೂರೇ ಸಾಕೆನಿಸಿದಾಗ ಒಂದನ್ನು ಬಿಟ್ಟುಬಿಡುತ್ತೇನೆ. ಆಲ್ಬರ್ಸ್ ಕೂಡ ಹಾಗೆ ಮಾಡಿದ್ದಾರೆ. ಕೆಳಗೆ ಒತ್ತಾಗಿ ಮೇಲೆ ಸಡಿಲವಾಗಿರುವ ಈ ಜೋಡಣೆಯಿಂದ ಚಿತ್ರಕ್ಕೆ ಭಾರವೂ ಬರುತ್ತದೆ, ಮೇಲಕ್ಕೆ ತೇಲುವ ಗುಣವೂ ಬರುತ್ತದೆ. ಸರಿಯಾಗಿ ನಡುವೆ ಕೂರಿಸಿದ ಚೌಕಗಳು ಬಾಣದ ಗುರಿಹಲಗೆಯಂತೆ ಕಣ್ಣನ್ನು ಒಂದೇ ಕಡೆ ಮೊಳೆ ಹೊಡೆದು ನಿಲ್ಲಿಸುತ್ತವೆ.

ಹಲಗೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಆಲ್ಬರ್ಸ್ ಮೇಸನೈಟ್ ಎಂಬ, ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಒರಟು ಬದಿಯಲ್ಲಿ ಬಿಳಿ ಲೇಪವನ್ನು ಹಲವು ಪದರಗಳಲ್ಲಿ ಕೊಟ್ಟು, ಅದರ ಮೇಲೆ ತೈಲವರ್ಣ ಹಚ್ಚುತ್ತಿದ್ದರು. ನಾನು ಪ್ಲೈವುಡ್ ಅಂಗಡಿಯಲ್ಲಿ ಸಿಗುವ ಹಾರ್ಡ್‌ಬೋರ್ಡನ್ನು ಅಳತೆಗೆ ಕತ್ತರಿಸಿಕೊಂಡು, ಜೆಸ್ಸೊ ಎಂಬ ಬಿಳಿ ತಳಲೇಪ ಹಚ್ಚಿ, ಒಣಗಿದ ಮೇಲೆ ಉಜ್ಜುಕಾಗದದಿಂದ ಉಜ್ಜಿ, ಮತ್ತೆ ಹಚ್ಚುತ್ತೇನೆ. ಮುಂಬದಿಗೆ ಕೊಟ್ಟಷ್ಟೇ ಲೇಪವನ್ನು ಹಿಂಬದಿಗೂ ನಾಲ್ಕು ಅಂಚುಗಳಿಗೂ ಕೊಡಬೇಕು. ಇಲ್ಲವಾದರೆ ಮಳೆಗಾಲದ ತೇವವನ್ನು ಒಂದೇ ಬದಿ ಹೀರಿ ಹಲಗೆ ಬಾಗುತ್ತದೆ, ಬಾಗಿದ ಹಲಗೆಯ ಮೇಲೆ ನೇರ ಗೆರೆಗೆ ಅರ್ಥವಿಲ್ಲ.

ಬಣ್ಣ ಕಲಸುವ ಮೊದಲು ನನ್ನ ಹೆಚ್ಚಿನ ಸಮಯ ಹೋಗುವುದು ಬಣ್ಣದ ಕಾಗದಗಳ ಜೊತೆ. ಆಲ್ಬರ್ಸ್ 1963ರಲ್ಲಿ ಪ್ರಕಟಿಸಿದ ‘ಇಂಟರ್‌ಆ್ಯಕ್ಷನ್ ಆಫ್ ಕಲರ್’ ಪುಸ್ತಕದ ಅಭ್ಯಾಸಗಳೂ ಮುಖ್ಯವಾಗಿ ಕಾಗದದ ಮೇಲೆ ನಿಂತವು. ಕಾಗದದ ಅನುಕೂಲವೆಂದರೆ ಅದೇ ಬಣ್ಣವನ್ನು ಎಷ್ಟು ಸಲ ಬೇಕಾದರೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಬೇರೆ ಬೇರೆ ಹಿನ್ನೆಲೆಗಳ ಮೇಲೆ ಇಟ್ಟು ನೋಡಬಹುದು. ಸ್ಟೇಷನರಿ ಅಂಗಡಿಯ ಕ್ರಾಫ್ಟ್ ಕಾಗದ, ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆಯ ಹಿಂಬದಿ, ಎಲ್ಲವೂ ನನ್ನ ಡಬ್ಬಿಯಲ್ಲಿವೆ. ಒಂದೇ ಬೂದು ಕಾಗದದಿಂದ ಎರಡು ಸಣ್ಣ ತುಂಡುಗಳನ್ನು ಕತ್ತರಿಸಿ, ಒಂದನ್ನು ಗಾಢ ಹಳದಿಯ ಮೇಲೂ ಇನ್ನೊಂದನ್ನು ಗಾಢ ನೀಲಿಯ ಮೇಲೂ ಇಟ್ಟರೆ, ಹಳದಿಯ ಮೇಲಿನದು ನೇರಳೆಯ ಕಡೆಗೂ ಕಪ್ಪಿನ ಕಡೆಗೂ ವಾಲುತ್ತದೆ, ನೀಲಿಯ ಮೇಲಿನದು ಬೆಳಕಾಗಿ ಸ್ವಲ್ಪ ಬೆಚ್ಚಗಾಗುತ್ತದೆ. ಹಿನ್ನೆಲೆಯು ತನ್ನ ಗುಣವನ್ನು ಒಳಗಿನ ಬಣ್ಣದಿಂದ ಕಳೆಯುತ್ತದೆ ಎಂಬ ಒಂದು ಸೂತ್ರದಿಂದ ಇದನ್ನು ಬಹುಮಟ್ಟಿಗೆ ಊಹಿಸಬಹುದು. ಅದೇ ಸೂತ್ರವನ್ನು ತಿರುಗಿಸಿ ಎರಡು ಬೇರೆ ಬಣ್ಣಗಳನ್ನು ಒಂದೇ ಎಂಬಂತೆ ತೋರಿಸುವುದೂ ಸಾಧ್ಯ: ತಿಳಿಯಾದದ್ದನ್ನು ತಿಳಿ ಹಿನ್ನೆಲೆಯ ಮೇಲೆ, ಗಾಢವಾದದ್ದನ್ನು ಗಾಢ ಹಿನ್ನೆಲೆಯ ಮೇಲೆ ಇಡಬೇಕು. ಇದು ಚಿತ್ರಕಾರರಷ್ಟೇ ಕಂಡುಕೊಂಡ ಸಂಗತಿಯಲ್ಲ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರಲ್, ಕಪ್ಪು ನೂಲು ಮಂಕಾಗಿದೆಯೆಂಬ ದೂರನ್ನು ಪರಿಶೀಲಿಸಿ, ದೋಷ ನೂಲಿನ ಬಣ್ಣದಲ್ಲಿಲ್ಲ, ಪಕ್ಕದ ನೂಲುಗಳ ಬಣ್ಣದಲ್ಲಿದೆ ಎಂದು ಕಂಡುಕೊಂಡು, ಈ ಕುರಿತ ತನ್ನ ಗ್ರಂಥವನ್ನು 1839ರಲ್ಲಿ ಪ್ರಕಟಿಸಿದ್ದ.

ಕಾಗದದ ಜೋಡಣೆಯಲ್ಲಿ ನಾನು ಎರಡು ಸಂಗತಿಗಳನ್ನು ಹುಡುಕುತ್ತೇನೆ. ಮೊದಲನೆಯದು ತಿಳಿ-ಗಾಢದ ಅಂತರ. ಪಕ್ಕಪಕ್ಕದ ಎರಡು ಬಣ್ಣಗಳು ತಮ್ಮ ವರ್ಣದಲ್ಲಿ ಎಷ್ಟೇ ಬೇರೆಯಾಗಿರಲಿ, ಅವುಗಳ ಬೆಳಕಿನ ಮಟ್ಟ ಸಮವಾದರೆ ನಡುವಿನ ಅಂಚು ಕರಗಿ ಕಣ್ಣಿಗೆ ನಡುಗುವಂತೆ ತೋರುತ್ತದೆ. ಕಣ್ಣನ್ನು ಕಿರಿದು ಮಾಡಿ ನೋಡಿದರೆ ಇದು ತಿಳಿಯುತ್ತದೆ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡುವವರೂ ಇದ್ದಾರೆ, ಆದರೆ ಕ್ಯಾಮೆರಾ ಕೆಂಪು ಹಸಿರುಗಳನ್ನು ತನ್ನದೇ ಲೆಕ್ಕದಲ್ಲಿ ಬೂದಾಗಿಸುವುದರಿಂದ ಅದರ ಮಾತನ್ನು ಕೊನೆಯ ಮಾತೆಂದು ನಾನು ಒಪ್ಪುವುದಿಲ್ಲ. ಎರಡನೆಯದು ನಡುವಿನ ಚೌಕದ ಪಾತ್ರ. ಅದು ಒಳಗಿನ ಮತ್ತು ಹೊರಗಿನ ಬಣ್ಣಗಳ ಸರಿಯಾದ ಮಧ್ಯದಲ್ಲಿದ್ದರೆ ಒಂದು ಬಣ್ಣದ ಮೇಲೆ ಇನ್ನೊಂದರ ತೆಳು ಪರದೆ ಹಾಸಿದಂಥ ಭ್ರಮೆ ಹುಟ್ಟುತ್ತದೆ, ಅಪಾರದರ್ಶಕವಾದ ಮೂರು ಕಾಗದಗಳ ನಡುವೆ ಪಾರದರ್ಶಕತೆ ಕಾಣಿಸಿಕೊಳ್ಳುತ್ತದೆ. ಮಧ್ಯದಿಂದ ಸ್ವಲ್ಪ ಸರಿದರೆ ಸಾಕು, ಪರದೆ ಮಾಯವಾಗಿ ಮೂರು ಪಟ್ಟಿಗಳಷ್ಟೇ ಉಳಿಯುತ್ತವೆ. ನನ್ನ ಸರಣಿಯಲ್ಲಿ ಕಾವಿಯಿಂದ ಹಳದಿ ಮಣ್ಣಿನ ಬಣ್ಣಕ್ಕೆ ಸಾಗುವ ಚಿತ್ರಗಳು ಹೆಚ್ಚಿರುವುದಕ್ಕೆ ಕಾರಣವೂ ಇದೇ. ಆ ವ್ಯಾಪ್ತಿಯಲ್ಲಿ ಮಧ್ಯವನ್ನು ಹುಡುಕುವುದು ಕಷ್ಟ, ಸಿಕ್ಕಾಗ ಸಿಗುವ ಸುಖವೂ ದೊಡ್ಡದು.

ಕಾಗದದಲ್ಲಿ ಒಪ್ಪಿದ್ದನ್ನು ಬಣ್ಣಕ್ಕೆ ತರುವಾಗ ನಾನು ಬಳಸುವ, ನೀರಿನಲ್ಲಿ ಕಲಸುವ ಆಕ್ರಿಲಿಕ್ ಬಣ್ಣ ತನ್ನ ಸ್ವಭಾವ ತೋರಿಸುತ್ತದೆ. ಹಸಿಯಿರುವಾಗ ಅದರ ಅಂಟಿನ ಭಾಗ ಹಾಲಿನಂತೆ ಬೆಳ್ಳಗಿದ್ದು, ಒಣಗುತ್ತ ಪಾರದರ್ಶಕವಾಗುವುದರಿಂದ ಬಣ್ಣ ಗಾಢವಾಗುತ್ತದೆ. ಆದ್ದರಿಂದ ಕಲಸಿದ ಪ್ರತಿ ಬಣ್ಣವನ್ನೂ ಕಾಗದದ ಪಟ್ಟಿಯ ಮೇಲೆ ಹಚ್ಚಿ, ಪೂರ್ತಿ ಒಣಗಿಸಿ, ಮೂಲ ಕಾಗದದ ಪಕ್ಕದಲ್ಲಿಟ್ಟು ನೋಡಿಯೇ ಹಲಗೆಗೆ ಹೋಗುತ್ತೇನೆ. ಆಲ್ಬರ್ಸ್ ಬಹುಪಾಲು ಟ್ಯೂಬಿನಿಂದ ನೇರವಾಗಿ, ಕಲಸದೆ, ಪ್ಯಾಲೆಟ್ ನೈಫ್ ಎಂಬ ಚಪ್ಪಟೆ ಚಾಕುವಿನಿಂದ ಹಚ್ಚುತ್ತಿದ್ದರು. ನಮ್ಮ ಅಂಗಡಿಗಳಲ್ಲಿ ಸಿಗುವ ಟ್ಯೂಬುಗಳ ಶ್ರೇಣಿ ಅಷ್ಟು ವಿಶಾಲವಲ್ಲದ ಕಾರಣ ಆ ಶಿಸ್ತನ್ನು ನಾನು ಪಾಲಿಸಿಲ್ಲ. ಬೆಳಕಿನ ವಿಷಯದಲ್ಲಿ ಮಾತ್ರ ಅವರನ್ನೇ ಅನುಸರಿಸುತ್ತೇನೆ. ಅವರು ಬೆಚ್ಚನೆಯ ಮತ್ತು ತಣ್ಣನೆಯ ಟ್ಯೂಬ್‌ಲೈಟುಗಳನ್ನು ಜೋಡಿಸಿಕೊಂಡು ಅವುಗಳ ಕೆಳಗೆ ಬಣ್ಣಗಳನ್ನು ಪರೀಕ್ಷಿಸುತ್ತಿದ್ದರು. ನಾನು ಬೆಳಗಿನ ಕಿಟಕಿಯ ಬೆಳಕಿನಲ್ಲಿ ಒಪ್ಪಿದ ಜೋಡಣೆಯನ್ನು ರಾತ್ರಿ ಹಳದಿ ಬಲ್ಬಿನ ಕೆಳಗೂ ಬಿಳಿ ಎಲ್‌ಇಡಿ ಕೆಳಗೂ ನೋಡುತ್ತೇನೆ, ಮೂರರಲ್ಲೂ ನಿಲ್ಲುವುದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ.

ಹಚ್ಚುವ ಕ್ರಮ ಒಳಗಿನಿಂದ ಹೊರಗೆ. ಬಾಗಿಲಿಗೆ ಬಣ್ಣ ಹೊಡೆಯುವಾಗ ನಡುವಿನಿಂದ ಆರಂಭಿಸಬೇಕೆಂಬ, ತಂದೆಯಿಂದ ಕಲಿತ ಪಾಠವನ್ನೇ ಆಲ್ಬರ್ಸ್ ತಮ್ಮ ಚೌಕಗಳಿಗೂ ಅನ್ವಯಿಸಿದ್ದರು. ಒಳಚೌಕ ಒಣಗಿದ ಮೇಲೆ ಅದರ ಅಂಚಿಗೆ ಸರಿಯಾಗಿ ಮಾಸ್ಕಿಂಗ್ ಟೇಪು ಅಂಟಿಸಿ, ಉಗುರಿನಿಂದ ಒತ್ತಿ, ಮೊದಲು ಒಳಚೌಕದ ಬಣ್ಣವನ್ನೇ ಟೇಪಿನ ಅಂಚಿನ ಮೇಲೆ ತೆಳ್ಳಗೆ ಎಳೆಯುತ್ತೇನೆ. ಟೇಪಿನ ಕೆಳಗೆ ಏನಾದರೂ ಹರಿದರೆ ಅದು ಅದೇ ಬಣ್ಣವಾದ್ದರಿಂದ ಗೊತ್ತಾಗುವುದಿಲ್ಲ. ಆಮೇಲೆ ಹೊಸ ಬಣ್ಣ ಹಚ್ಚಿ, ಅದು ಇನ್ನೂ ಸ್ವಲ್ಪ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಹಿಂದಕ್ಕೆ ಮಡಚಿ ಎಳೆಯುತ್ತೇನೆ. ಹೀಗೆ ಬರುವ ಅಂಚು ಬ್ಲೇಡಿನಿಂದ ಕತ್ತರಿಸಿದಷ್ಟು ಚೊಕ್ಕವಾಗಿರುತ್ತದೆ. ಎಲ್ಲ ಚಿತ್ರಕ್ಕೂ ಆ ಚೊಕ್ಕತನ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ಅಮೂರ್ತ ಚಿತ್ರಕಾರ ಕಾಜಿಮಿರ್ ಮಾಲೆವಿಚ್ 1915ರಲ್ಲಿ ಪೆಟ್ರೊಗ್ರಾಡಿನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಪ್ರದರ್ಶನದಲ್ಲಿಟ್ಟ ‘ಕಪ್ಪು ಚೌಕ’ದ ಬದಿಗಳು ಅಳತೆಗೆ ನಿಖರವಾಗಿಲ್ಲ, ಅದರ ಮೇಲ್ಮೈ ಇಂದು ಬಿರುಕುಗಳಿಂದ ತುಂಬಿದೆ, ಕಪ್ಪಿನ ಕೆಳಗೆ ಬೇರೆ ಬಣ್ಣದ ರಚನೆಗಳಿರುವುದನ್ನು ಮಾಸ್ಕೋದ ಟ್ರೆತ್ಯಾಕೋವ್ ಗ್ಯಾಲರಿಯ ಪರೀಕ್ಷೆ ತೋರಿಸಿದೆ. ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್ ಅವರ ಚಿತ್ರಗಳ ಬಿಳಿ ಭಾಗಗಳಲ್ಲೂ ಹತ್ತಿರ ನಿಂತರೆ ಕುಂಚದ ದಿಕ್ಕು ಕಾಣುತ್ತದೆ. ಎರಡು ಬಣ್ಣಗಳ ಬೆಳಕಿನ ಮಟ್ಟ ಹತ್ತಿರವಿದ್ದಾಗ ನಾನು ಟೇಪು ಬಿಟ್ಟು ಕೈಯಿಂದಲೇ ಅಂಚು ತರುತ್ತೇನೆ, ಆಗ ಬಣ್ಣಗಳು ಒಂದನ್ನೊಂದು ತಳ್ಳದೆ ಸೇರಿಕೊಳ್ಳುತ್ತವೆ.

ಬಣ್ಣದ ಈ ಲೆಕ್ಕ ಗೆರೆಗೂ ಸಲ್ಲುತ್ತದೆಂಬುದನ್ನು ನಾನು ಕಂಡದ್ದು ಬರೋಡದಲ್ಲಿ ಕಲಿಸುತ್ತಿದ್ದ ನಸ್ರೀನ್ ಮೊಹಮ್ಮದಿ (1937–1990) ಅವರ ರೇಖಾಚಿತ್ರಗಳಲ್ಲಿ. ಪೆನ್ಸಿಲ್, ಶಾಯಿ ಮತ್ತು ನಕ್ಷೆ ಬರೆಯುವವರ ಉಪಕರಣಗಳಿಂದ ಎಳೆದ ಆ ಗೆರೆಗಳಲ್ಲಿ ಒಂದೊಂದರ ತೂಕವನ್ನೂ ಪಕ್ಕದ ಖಾಲಿ ಜಾಗದ ಅಗಲ ನಿರ್ಧರಿಸುತ್ತದೆ. ಅವುಗಳನ್ನು ನೋಡಿದ ಮೇಲೆ ನನ್ನ ಚೌಕಗಳ ಸುತ್ತ ಕಪ್ಪು ಗೆರೆ ಹಾಕುವ ಆಸೆ ಬಿಟ್ಟುಹೋಯಿತು. ಗೆರೆಯೂ ಒಂದು ಬಣ್ಣದ ಪಟ್ಟಿಯೇ, ಅದು ಬಂದರೆ ಎಲ್ಲ ಲೆಕ್ಕ ಮೊದಲಿನಿಂದ ಆಗಬೇಕು.

ಚಿತ್ರ ಮುಗಿದ ಮೇಲೆ ಹಲಗೆಯ ಹಿಂಬದಿಯಲ್ಲಿ ಬರೆಯುವ ಕೆಲಸವೊಂದಿದೆ. ಬಳಸಿದ ಪ್ರತಿ ಬಣ್ಣದ ಹೆಸರು, ತಯಾರಕರು ಮತ್ತು ವಾರ್ನಿಷ್ ಯಾವುದೆಂಬುದನ್ನು ಆಲ್ಬರ್ಸ್ ಹಿಂಬದಿಯಲ್ಲಿ ದಾಖಲಿಸುತ್ತಿದ್ದರು. ನಾನು ಅದರ ಜೊತೆಗೆ ಕಲಸಿದ ಪ್ರಮಾಣವನ್ನೂ ಬರೆದು, ಮೇಲ್ಬದಿ ಯಾವುದೆಂದು ಬಾಣದ ಗುರುತು ಹಾಕುತ್ತೇನೆ. ಮೂರು ಪಾಲು ಅಂಚು ಮೇಲಿರುವುದು ನನಗೆ ಗೊತ್ತು, ಮೊಳೆ ಹೊಡೆಯುವವರಿಗೆ ಗೊತ್ತಿರಬೇಕಿಲ್ಲ. ಮೊಂಡ್ರಿಯಾನ್ ಬಣ್ಣದ ಟೇಪುಗಳಿಂದ ರಚಿಸಿದ ‘ನ್ಯೂಯಾರ್ಕ್ ಸಿಟಿ 1’ ದಶಕಗಳ ಕಾಲ ತಲೆಕೆಳಗಾಗಿಯೇ ತೂಗಿತ್ತೆಂದು ಡ್ಯೂಸೆಲ್ಡಾರ್ಫಿನ ಸಂಗ್ರಹಾಲಯದ ಕ್ಯುರೇಟರ್ 2022ರಲ್ಲಿ ಹೇಳಿದಾಗ, ಅದನ್ನು ತಿರುಗಿಸಿದರೆ ಒಣಗಿದ ಟೇಪುಗಳು ಕಳಚಿಬೀಳುವ ಭಯದಿಂದ ಇದ್ದಂತೆಯೇ ಬಿಡಬೇಕಾಯಿತು.