ಇನ್ವರ್ಟರ್ ಬ್ಯಾಟರಿ ಚಾರ್ಜ್ ನಿಲ್ಲುತ್ತಿಲ್ಲವೇ? ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ಕಲಬುರಗಿಯ ಬ್ಯಾಸಗಿಯಲ್ಲಿ ಕರೆಂಟ್ ಹೋದ ಅರ್ಧ ಗಂಟೆಗೇ ಇನ್ವರ್ಟರ್ ಕೀಂ ಕೀಂ ಅನ್ನತೊಡಗಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕೇಳಿದವರೆಲ್ಲ ‘ಬ್ಯಾಟರಿ ಹೋಗಿದೆ, ಬದಲಿಸಿ’ ಅನ್ನುತ್ತಾರೆ. ಹೋಗಿರಲೂಬಹುದು. ಆದರೆ ಬ್ಯಾಟರಿ ಪೂರ್ತಿ ತುಂಬದೇ ಇರಬಹುದು. ತುಂಬಿದ್ದು ಬೇರೆಲ್ಲೋ ಖರ್ಚಾಗುತ್ತಿರಬಹುದು. ಇಲ್ಲವೇ ಅದಕ್ಕೆ ಹಿಡಿದಿಡುವ ಶಕ್ತಿಯೇ ಉಳಿದಿಲ್ಲದಿರಬಹುದು. ಕೊನೆಯದಕ್ಕೆ ಮಾತ್ರ ಹೊಸ ಬ್ಯಾಟರಿ ಬೇಕು. ಇದನ್ನು ಪತ್ತೆ ಮಾಡಲು ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್, ಬ್ಯಾಟರಿಯೊಳಗಿನ ಆಸಿಡ್‌ನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್ ಮತ್ತು ಸ್ವಲ್ಪ ತಾಳ್ಮೆ ಸಾಕು.

ಮೊದಲು ಲೋಡ್ ಲೆಕ್ಕ ಹಾಕಿ. 150 ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯದ ಅಳತೆ), 12 ವೋಲ್ಟ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್ ಅವರ್. ಈ ಅಂಕಿ ಸಾಮಾನ್ಯವಾಗಿ 20 ಗಂಟೆ ಕಾಲ ನಿಧಾನವಾಗಿ ಬಳಸಿದರೆ ಸಿಗುವಂಥದ್ದು. ಮೇಲಾಗಿ ಇನ್ವರ್ಟರ್ ತನ್ನ ಪಾಲನ್ನೂ ತಿನ್ನುತ್ತದೆ. ಹಾಗಾಗಿ 1,200 ಸಿಕ್ಕಿತು ಅಂತ ಇಟ್ಟುಕೊಳ್ಳಿ. 75 ವ್ಯಾಟ್‌ನ ಮೂರು ಫ್ಯಾನ್, ನಾಲ್ಕಾರು ಎಲ್‌ಇಡಿ ಬಲ್ಬ್ ಸೇರಿದರೆ ಸುಮಾರು 270 ವ್ಯಾಟ್. ನಾಲ್ಕು ಗಂಟೆ ಓಡುತ್ತದೆ. ಇದೇ ಲೈನಿಗೆ 180 ವ್ಯಾಟ್‌ನ ಕೂಲರ್ ಸೇರಿಸಿದರೆ? ಎರಡೂವರೆ ಗಂಟೆಗೆ ಬಂದು ನಿಲ್ಲುತ್ತದೆ. ನಮ್ಮೂರಲ್ಲಿ ಮಾರ್ಚ್ ಬಂತೆಂದರೆ ಕೂಲರ್ ಹೊರಗೆ ಬರುತ್ತದೆ, ಯಾವ ಪ್ಲಗ್ ಖಾಲಿ ಇದೆಯೋ ಅಲ್ಲಿ ಸೇರುತ್ತದೆ. ಅದು ಇನ್ವರ್ಟರ್ ಲೈನಿನ ಪ್ಲಗ್ ಆಗಿದ್ದರೆ ಬ್ಯಾಟರಿಯನ್ನು ಬೈದು ಏನು ಪ್ರಯೋಜನ?

ಎರಡನೆಯದು ಬಹಳ ಜನ ನೋಡದೇ ಬಿಡುವ ವಿಷಯ. ಇನ್ವರ್ಟರ್ ಹಿಂದೆ ಅಥವಾ ಮುಂದೆ ‘ಯುಪಿಎಸ್’, ‘ನಾರ್ಮಲ್’ ಎಂಬ ಸಣ್ಣ ಸ್ವಿಚ್ ಇರುತ್ತದೆ. ಕೆಲವು ಕಂಪನಿಗಳು ಎರಡನೆಯದಕ್ಕೆ ‘ಎಕೋ’ ಅನ್ನುತ್ತವೆ. ಯುಪಿಎಸ್ ಮೋಡ್‌ನಲ್ಲಿ ಮನೆಗೆ ಬರುವ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಇಳಿದರೆ, ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ಬ್ಯಾಸಗಿಯ ಸಂಜೆ ಎಲ್ಲ ಮನೆಗಳ ಕೂಲರ್, ಎಸಿ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುವುದು ಗೊತ್ತೇ ಇದೆ. ಆಗ ನೀವು ಕರೆಂಟ್ ಇದೆ ಅಂತ ನಿಶ್ಚಿಂತೆಯಿಂದ ಕೂತಿರುತ್ತೀರಿ, ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ. ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ಕ್ಷಣ ಕರೆಂಟ್ ತಪ್ಪಿದರೂ ಆಫ್ ಆಗಿಬಿಡುವ ಡೆಸ್ಕ್‌ಟಾಪ್ ಕಂಪ್ಯೂಟರ್ ಮನೆಯಲ್ಲಿ ಇಲ್ಲದಿದ್ದರೆ ನಾರ್ಮಲ್ ಮೋಡ್‌ಗೆ ಹಾಕಿಬಿಡಿ. ಅದು ಇನ್ನೂ ಕಡಿಮೆ ವೋಲ್ಟೇಜನ್ನೂ ತಡೆದುಕೊಳ್ಳುತ್ತದೆ. ನನ್ನ ಪ್ರಕಾರ ಒಂದು ಪೈಸೆ ಖರ್ಚಿಲ್ಲದ ಈ ಕೆಲಸವನ್ನೇ ಎಲ್ಲಕ್ಕಿಂತ ಮುಂಚೆ ಮಾಡಬೇಕು.

ಇನ್ನು ಬ್ಯಾಟರಿಗೆ ಕೈ ಹಾಕೋಣ. ಉಂಗುರ, ಬಳೆ ತೆಗೆದಿಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲಿ. ಬೀಡಿ, ಊದುಬತ್ತಿ ಹತ್ತಿರ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಅದು ಕಿಡಿ ತಾಗಿದರೆ ಸಿಡಿಯುತ್ತದೆ. ಒಳಗಿರುವುದು ಗಂಧಕಾಮ್ಲ. ಮೈಗೆ ತಾಗಿದರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ತೊಳೆದು ನೇರ ಆಸ್ಪತ್ರೆಗೆ ಹೋಗಿ.

ನೀರಿನ ಮಟ್ಟ ನೋಡಿ. ಮುಚ್ಚಳದ ಮೇಲೆ ನೀರಿನ ಮಟ್ಟ ತೋರಿಸುವ ಕಡ್ಡಿ, ಅಂದರೆ ಫ್ಲೋಟ್, ಕೆಂಪು ಗೆರೆಗೆ ಇಳಿದಿದ್ದರೆ ಒಳಗಿನ ಪ್ಲೇಟುಗಳು ಒಣಗುವ ಹಂತಕ್ಕೆ ಬಂದಿವೆ ಎಂದರ್ಥ. ಒಣಗಿದ ಭಾಗ ಮತ್ತೆ ಮೊದಲಿನಂತೆ ಕೆಲಸ ಮಾಡುವುದು ಕಷ್ಟ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಆರ್‌ಒ ನೀರಲ್ಲೂ ಲವಣ ಉಳಿದಿರುತ್ತದೆ. ಎಸಿಯಿಂದ ಹನಿಯುವ ನೀರು ಪುಕ್ಕಟೆ ಸಿಗುತ್ತದೆ ನಿಜ, ಅದರ ಜೊತೆ ಧೂಳು, ಲೋಹದ ಅಂಶವೂ ಬರುತ್ತದೆ. ಪೂರ್ತಿ ಚಾರ್ಜ್ ಆದ ಮೇಲೆ ತುಂಬಿಸಿ, ಮೊದಲೇ ತುಂಬಿಸಿದರೆ ಉಕ್ಕಿ ಹೊರಬರುತ್ತದೆ. ಪ್ಲೇಟು ಕಾಣುವಷ್ಟು ಒಣಗಿದ್ದರೆ ಮಾತ್ರ ಅದು ಮುಳುಗುವಷ್ಟನ್ನು ಮೊದಲು ಹಾಕಿ. ಆಸಿಡ್ ಹಾಕಲು ಹೋಗಬೇಡಿ. ಆವಿಯಾಗುವುದು ನೀರು, ಆಸಿಡ್ ಅಲ್ಲ.

ಆಮೇಲೆ ಟರ್ಮಿನಲ್, ಅಂದರೆ ಬ್ಯಾಟರಿಗೆ ವಯರ್ ಜೋಡಿಸುವ ಜಾಗ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಇನ್ವರ್ಟರ್ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆಯಿರಿ. ಮೈನಸ್ ವಯರ್ ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಿ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಬ್ರಶ್ ಅದ್ದಿ ಉಜ್ಜಿ. ಆ ನೀರು ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒರೆಸಿ, ಬಿಗಿದು, ವ್ಯಾಸಲೀನ್ ಸವರಿ.

ಈಗ ಮೀಟರ್. ಕರೆಂಟ್ ಇದ್ದು ಚಾರ್ಜ್ ಆಗುತ್ತಿರುವಾಗ ಬ್ಯಾಟರಿ ಟರ್ಮಿನಲ್ ಮೇಲೆ 13.5ರಿಂದ 14.5 ವೋಲ್ಟ್ ಕಾಣಬೇಕು. ಗಂಟೆಗಟ್ಟಲೆ ಬಿಟ್ಟರೂ 12.6ರ ಆಸುಪಾಸೇ ಇದ್ದರೆ ಚಾರ್ಜರ್, ಫ್ಯೂಸ್ ಅಥವಾ ವಯರಿನಲ್ಲಿ ದೋಷವಿದೆ. ಬ್ಯಾಟರಿ ಬದಲಿಸಿದರೂ ಅದು ಹೋಗುವುದಿಲ್ಲ. 15 ದಾಟಿ, ನೀರು ಪದೇ ಪದೇ ಖಾಲಿಯಾಗುತ್ತಿದ್ದರೆ ಚಾರ್ಜ್ ಜಾಸ್ತಿ ಆಗುತ್ತಿದೆ. ಇವೆರಡೂ ಮೆಕ್ಯಾನಿಕ್ ಕೆಲಸ.

ಚಾರ್ಜಿಂಗ್ ಸರಿ ಇದ್ದರೆ ಕೊನೆಯ ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ, ಎರಡೂ ವಯರ್ ಬಿಚ್ಚಿ, ರಾತ್ರಿಯಿಡೀ ಸುಮ್ನೆ ಬಿಡಿ. ಬೆಳಗ್ಗೆ ಅಳೆಯಿರಿ. 12.6ರಿಂದ 12.7 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 11.8 ಅಂದರೆ ಖಾಲಿ. ಮರುದಿನ ಇನ್ನೊಮ್ಮೆ ನೋಡಿ. ಅಂಕಿ ಹಾಗೇ ನಿಂತಿದ್ದರೆ ಬ್ಯಾಟರಿ ತಾನಾಗಿ ಸೋರುತ್ತಿಲ್ಲ. ವಯರ್ ಬಿಚ್ಚಿದ್ದರೂ ದಿನದಿನಕ್ಕೆ ಇಳಿಯುತ್ತಿದ್ದರೆ ಅದು ತೂತು ಬಿದ್ದ ಕೊಡ. 10.5ರ ಹತ್ತಿರ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಪ್ರತಿ ಸೆಲ್ ಕೊಡುವುದು 2.1 ವೋಲ್ಟ್.

ಯಾವ ಸೆಲ್ ಅಂತ ಹೈಡ್ರೋಮೀಟರ್ ಹೇಳುತ್ತದೆ. ತುಂಬಿದ ಬ್ಯಾಟರಿಯಲ್ಲಿ ಅದು ಕಂಪನಿಗೆ ತಕ್ಕಂತೆ 1.240ರಿಂದ 1.280ರವರೆಗೆ ತೋರಿಸಬೇಕು. ಐದು ಸೆಲ್ 1.240 ತೋರಿಸಿ ಒಂದು ಮಾತ್ರ 1.180 ಅಂದರೆ ಆ ಸೆಲ್ ಕೆಟ್ಟಿದೆ. ಆರೂ ಒಂದೇ ಸಮ ಕಡಿಮೆ ಇದ್ದರೆ ಆಸೆ ಬಿಡಬೇಡಿ. ಲೋಡ್ ಹಾಕದೆ ಒಂದೆರಡು ದಿನ ನಿರಂತರ ಚಾರ್ಜ್ ಮಾಡಿ ಮತ್ತೆ ಅಳೆಯಿರಿ. ಚಾರ್ಜ್ ಇಳಿದಾಗ ಪ್ಲೇಟುಗಳ ಮೇಲೆ ಕೂರುವ ಸಲ್ಫೇಟ್ ಪದರ ತೆಳುವಾಗಿ ಕಟ್ಟಿದ್ದರೆ ಕರಗುತ್ತದೆ. ತಿಂಗಳುಗಟ್ಟಲೆ ಖಾಲಿ ಬಿಟ್ಟ ಬ್ಯಾಟರಿಗೆ ಮಾತ್ರ ಇದು ಅಷ್ಟಾಗಿ ನಾಟುವುದಿಲ್ಲ.

ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಗುಜರಿಗೆ ಹಾಕದೆ ಡೀಲರ್‌ಗೇ ಕೊಡಿ. ಅದರಲ್ಲಿ ಸೀಸವಿದೆ, ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಹೊಸದನ್ನು ಮಾಳಿಗೆಯ ಪತ್ರಾಸ್ ಶೆಡ್ಡಿನಲ್ಲಿ ಇಡಬೇಡಿ. ಹೊರಗೆ 42 ಡಿಗ್ರಿ ಇದ್ದರೆ ತಗಡಿನ ಕೆಳಗೆ ಇನ್ನೂ ಜಾಸ್ತಿ ಇರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಲೆಡ್ ಆಸಿಡ್ ಬ್ಯಾಟರಿಗಳ ಹಳೆಯ ಲೆಕ್ಕ. ಕೆಳಗಿನ ಮನೆಯಲ್ಲಿ, ಗಾಳಿಯಾಡುವ ಮೂಲೆಯಲ್ಲಿ, ಬಿಸಿಲು ಬೀಳದ ಶಹಾಬಾದ್ ಪರಸಿಯ ಮೇಲೆ ಟ್ರಾಲಿ ಹಾಕಿ ಇಡಿ.