ಗಟ್ಟಿ ಮರದ ಪೆಲೆಟ್ಟೋ, ಮೆದು ಮರದ್ದೋ? ಮನೆಯಲ್ಲೇ ತೂಗಿ ನೋಡಿ

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಜನವರಿಯ ಕೆಲವು ರಾತ್ರಿಗಳಲ್ಲಿ ಇಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುತ್ತದೆ. ಹೊಸದಾಗಿ ಮನೆ ಕೊಂಡು ಪೆಲೆಟ್ ಸ್ಟವ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಕಡ್ಡಿ, ಅಂದರೆ ಪೆಲೆಟ್, ಉರಿಸಿ ಮನೆ ಬಿಸಿ ಮಾಡುವ ಒಲೆ) ಹಾಕಿಸಿದ ಕನ್ನಡದ ಸ್ನೇಹಿತರು ಫೋನ್ ಮಾಡಿ ಕೇಳುವುದು ಒಂದೇ: "ಹಾರ್ಡ್‌ವುಡ್ ತಗೊಳ್ಳೋದಾ, ಸಾಫ್ಟ್‌ವುಡ್ಡಾ?" ನಾನು ಬಾಯಿ ಬಿಡುವಷ್ಟರಲ್ಲಿ ಹಾರ್ಡ್‌ವುಡ್ ಒಂದು ಟನ್ ಮನೆ ಮುಂದೆ ಬಂದು ಇಳಿದಿರುತ್ತದೆ. ಫೆಬ್ರವರಿಯಲ್ಲಿ ಮತ್ತೆ ಫೋನ್. "ಬೂದಿ ಬಾಚಿ ಬಾಚಿ ಸಾಕಾಯ್ತು."

ಅವರ ತಪ್ಪಲ್ಲ. ಊರಲ್ಲಿ ಬಚ್ಚಲ ಹಂಡೆಗೆ ಉರಿ ಹಾಕಿದವರಿಗೆಲ್ಲ ಗೊತ್ತು, ಗಟ್ಟಿ ಸೌದೆಯೇ ಒಳ್ಳೆಯ ಸೌದೆ. ಕೆಂಡ ನಿಲ್ಲುತ್ತದೆ, ರಾತ್ರಿಯಿಡೀ ನೀರು ಬಿಸಿ ಇರುತ್ತದೆ. ಸೌದೆಯ ಮಟ್ಟಿಗೆ ಅದು ನಿಜ. ಅದೇ ಬುದ್ಧಿಯನ್ನು ಪೆಲೆಟ್ಟಿಗೂ ಹಚ್ಚಿದರೆ ಕೆಡುತ್ತೇವೆ. ನಾನೂ ಮೊದಲ ಚಳಿಗಾಲದಲ್ಲಿ ಹೀಗೇ ಕೆಟ್ಟವರ ಪೈಕಿ.

ಮೊದಲು: ಹೆಸರನ್ನು ನಂಬಬೇಡಿ

ಹಾರ್ಡ್‌ವುಡ್ ಅಂದರೆ ಗಟ್ಟಿಯಾದ ಮರ ಅಂತಲ್ಲ, ಅಗಲ ಎಲೆಯ ಮರ. ಓಕ್, ಮೇಪಲ್, ಬೀಚ್ ಎಲ್ಲ ಇದರಲ್ಲಿ ಬರುತ್ತವೆ. ಸಾಫ್ಟ್‌ವುಡ್ ಅಂದರೆ ಸೂಜಿ ಎಲೆಯ ಮರ: ಪೈನ್, ಸ್ಪ್ರೂಸ್, ಡಗ್ಲಸ್ ಫರ್. ಬೆಂಕಿಕಡ್ಡಿಗೆ ಬಳಸುವ ನಮ್ಮ ಬೂರುಗದ ಮರ ಎಷ್ಟು ಹಗುರ, ಅಲ್ವಾ? ಲೆಕ್ಕದಲ್ಲಿ ಅದೂ ಹಾರ್ಡ್‌ವುಡ್ಡೇ.

ಸೌದೆಯಲ್ಲಿ ಓಕ್ ಗೆಲ್ಲುವುದು ತೂಕದಿಂದ. ಒಂದೇ ಅಳತೆಯ ಎರಡು ತುಂಡುಗಳಲ್ಲಿ ಓಕ್ ತುಂಡು ಪೈನ್‌ಗಿಂತ ಭಾರ, ಅದಕ್ಕೇ ಜಾಸ್ತಿ ಹೊತ್ತು ಉರಿಯುತ್ತದೆ. ಪೆಲೆಟ್ ಮಾಡುವಾಗ ಎರಡನ್ನೂ ಹೊಟ್ಟು ಮಾಡಿ, ಒಣಗಿಸಿ, ಸಣ್ಣ ತೂತುಗಳ ಅಚ್ಚಿನಲ್ಲಿ ಭಾರಿ ಒತ್ತಡದಿಂದ ತಳ್ಳುತ್ತಾರೆ. ನಮ್ಮ ಚಕ್ಕುಲಿ ಒರಳಿನ ಹಾಗೆ ಅಂದುಕೊಳ್ಳಿ. ಆ ಬಿಸಿಗೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ ಅದೇ ಅಂಟಾಗುತ್ತದೆ. ಹೊರಬರುವ ಕಡ್ಡಿ ಪೈನ್‌ದಾದರೂ ಓಕ್‌ದಾದರೂ ಹೆಚ್ಚುಕಡಿಮೆ ಒಂದೇ ಸಾಂದ್ರತೆ. ಅಲ್ಲಿಗೆ ಓಕ್‌ನ ಗೆಲುವು ಮುಗಿಯಿತು.

ಇನ್ನೊಂದು ಮಾತು ಉಲ್ಟಾ ಹೊಡೆಯುತ್ತದೆ. ಸೂಜಿ ಎಲೆಯ ಮರಗಳಲ್ಲಿ ಲಿಗ್ನಿನ್ ಮತ್ತು ರಾಳ ಜಾಸ್ತಿ. ಹಾಗಾಗಿ ಪೌಂಡಿಗೆ ಪೌಂಡ್ ತೂಗಿದರೆ ಸಾಫ್ಟ್‌ವುಡ್ಡೇ ತುಸು ಹೆಚ್ಚು ಶಾಖ ಕೊಡುತ್ತದೆ. ಬೂದಿಯೂ ಸಾಮಾನ್ಯವಾಗಿ ಕಡಿಮೆ. "ರಾಳ ಇದೆ, ಚಿಮಣಿಗೆ ಟಾರು ಹಿಡಿಯುತ್ತೆ" ಅನ್ನುವವರು ಇಲ್ಲೂ ಇದ್ದಾರೆ. ಹಸಿ ಪೈನ್ ಸೌದೆಯನ್ನು ಗಾಳಿ ಸಾಲದೆ ಹೊಗೆಯಾಡಿಸಿದರೆ ಅದು ಸರಿ. ಪೆಲೆಟ್ ಒಣಗಿರುತ್ತದೆ, ಫ್ಯಾನ್ ಗಾಳಿ ಊದುತ್ತಿರುತ್ತದೆ, ರಾಳ ಅಲ್ಲೇ ಉರಿದುಹೋಗುತ್ತದೆ.

ಚೀಲ ಓದುವುದು

ಮುಂದಿನ ಬದಿಯ ಹಿಮ, ಜಿಂಕೆ, ಗುಡ್ಡದ ಚಿತ್ರ ಬಿಡಿ. ಹಿಂದೆ ತಿರುಗಿಸಿ. ಅಮೆರಿಕದಲ್ಲಿ ಪಿಎಫ್‌ಐ (ಪೆಲೆಟ್ ಫ್ಯೂಯಲ್ಸ್ ಇನ್‌ಸ್ಟಿಟ್ಯೂಟ್) ಗುರುತು ಇದೆಯಾ ನೋಡಿ. ಆ ಗುರುತಿನ ಪ್ರೀಮಿಯಂ ದರ್ಜೆಗೆ ಬೂದಿ ಶೇ 1ರ ಒಳಗಿರಬೇಕು, ತೇವ ಶೇ 8ರ ಒಳಗೆ, ಪುಡಿ ಶೇ 0.5ರ ಒಳಗೆ. ಸ್ಟ್ಯಾಂಡರ್ಡ್ ದರ್ಜೆಗೆ ಬೂದಿ ಶೇ 2ರವರೆಗೆ ನಡೆಯುತ್ತದೆ. ಗುರುತಿಲ್ಲದೆ ಬರೀ "ಪ್ರೀಮಿಯಂ" ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಅದಕ್ಕೆ ಬೆಲೆ ಇಲ್ಲ. ಯಾರು ಬೇಕಾದರೂ ಹಾಕಬಹುದು.

ಜರ್ಮನಿ ಕಡೆ ಇರುವವರಿಗೆ ಈ ತಲೆನೋವು ಕಡಿಮೆ. ಅಲ್ಲಿನ ಪೆಲೆಟ್ ಬಹುಪಾಲು ಸ್ಪ್ರೂಸ್ ಮರದ್ದೇ. 15 ಕಿಲೋ ಚೀಲದ ಮೇಲೆ ಯೂರೋಪಿನ ಗುಣಮಟ್ಟದ ಗುರುತಾದ ಇಎನ್‌ಪ್ಲಸ್ ಎ1 ಇದ್ದರೆ ಬೂದಿ ಶೇ 0.7ರ ಒಳಗೆ.

ಯಾವ ಮರ ಅಂತಲೇ ಹೇಳದ ಚೀಲ ಬೇಡ. "ಬ್ಲೆಂಡ್", ಅಂದರೆ ಎರಡರ ಮಿಶ್ರಣ, ಅಂತ ನೇರವಾಗಿ ಹೇಳಿದ್ದರೆ ಪರವಾಗಿಲ್ಲ, ಈ ಕಡೆ ಒಳ್ಳೆಯ ಬ್ಲೆಂಡ್‌ಗಳಿವೆ. ಬಾರ್ಬೆಕ್ಯೂ ಪೆಲೆಟ್ ಅಂತೂ ಬೇಡವೇ ಬೇಡ. ಅದರ ದುಡ್ಡು ರುಚಿಗೆ, ಶಾಖಕ್ಕಲ್ಲ. ಉಳಿದ ಸ್ಟವ್ ಪೆಲೆಟ್ಟನ್ನು ಗ್ರಿಲ್‌ಗೆ ಹಾಕುವುದು ಇನ್ನೂ ಕೆಟ್ಟದ್ದು. ಅದರಲ್ಲಿ ರಾಳದ ಮರ ಇರಬಹುದು, ಅದು ಊಟಕ್ಕೆ ಅಂತ ಮಾಡಿದ್ದಲ್ಲ.

ಐದೈದು ಚೀಲ ತನ್ನಿ

ಟನ್ ಅಲ್ಲ. ಐದು ಇದು, ಐದು ಅದು. ಎತ್ತುವ ಮೊದಲು ಚೀಲದ ತಳ ಮುಟ್ಟಿ ನೋಡಿ. ರವೆಯ ಹಾಗೆ ಪುಡಿ ಕೈಗೆ ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ.

ಪರೀಕ್ಷೆ: ಎಲ್ಲರೂ ಎಡವುವ ಜಾಗ

ಜನ ಮಾಡುವುದು ಹೀಗೆ. ಹಾರ್ಡ್‌ವುಡ್ ಮುಗಿಯುತ್ತ ಬಂದಾಗ ಮೇಲಿಂದ ಸಾಫ್ಟ್‌ವುಡ್ ಸುರಿಯುತ್ತಾರೆ. ಸ್ಟವ್‌ನ ಉರಿಯ ಸೆಟ್ಟಿಂಗ್ 3ರಲ್ಲೇ ಇರುತ್ತದೆ. "ಅಬ್ಬಾ, ಎಷ್ಟು ಬಿಸಿ!" ಅನ್ನುತ್ತಾರೆ. ಸಂಜೆಗೆ ಹಾಪರ್ (ಸ್ಟವ್‌ನಲ್ಲಿ ಪೆಲೆಟ್ ತುಂಬುವ ಡಬ್ಬ) ಖಾಲಿಯಾದಾಗ "ಮೆದು ಮರ ನೋಡಿ, ಬೇಗ ಉರಿದುಹೋಗುತ್ತೆ" ಅನ್ನುತ್ತಾರೆ. ಎರಡು ಮಾತಿಗೂ ಮರ ಕಾರಣ ಅಲ್ಲದಿರಬಹುದು.

ನಿಮ್ಮ ಸ್ಟವ್‌ಗೆ ತೂಕ ಗೊತ್ತಿಲ್ಲ. ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಒಳಗಿರುವ ಆಗರ್ ಅನ್ನುವ ತಿರುಪು ಇಷ್ಟು ಸೆಕೆಂಡು ತಿರುಗುತ್ತದೆ, ಇಷ್ಟು ಸೆಕೆಂಡು ನಿಲ್ಲುತ್ತದೆ, ಅಷ್ಟೇ. ಒಂದು ಸುತ್ತಿಗೆ ಎಷ್ಟು ಪೆಲೆಟ್ ಬೀಳುತ್ತದೆ ಅನ್ನುವುದು ಕಡ್ಡಿಯ ಉದ್ದದ ಮೇಲಿದೆ. ಗಿಡ್ಡ ಕಡ್ಡಿಗಳು ಒತ್ತೊತ್ತಾಗಿ ಕೂರುತ್ತವೆ, ಜಾಸ್ತಿ ಬೀಳುತ್ತವೆ. ಉದ್ದ ಕಡ್ಡಿಗಳು ಅಡ್ಡಡ್ಡ ನಿಂತು ಜಾಗ ತಿನ್ನುತ್ತವೆ, ಕಡಿಮೆ ಬೀಳುತ್ತವೆ. ಅಂದರೆ ಅದೇ ಸೆಟ್ಟಿಂಗ್ 3ರಲ್ಲಿ ಗಿಡ್ಡ ಪೆಲೆಟ್ ಹಾಕಿದರೆ ಬಿಸಿ ಜಾಸ್ತಿ, ಚೀಲವೂ ಬೇಗ ಖಾಲಿ. ಮೊದಲ ವರ್ಷ ನಾನು ಹೀಗೇ ಒಂದು ಒಳ್ಳೆಯ ಡಗ್ಲಸ್ ಫರ್ ಪೆಲೆಟ್ಟನ್ನು "ದುಂದು" ಅಂತ ಬೈದು ಬಿಟ್ಟೆ. ಎರಡು ವರ್ಷ ಬೇಕಾಯಿತು ತಪ್ಪು ಗೊತ್ತಾಗಲು.

ಹಾಗಾಗಿ ಹೀಗೆ ಮಾಡಿ.

ಸ್ಟವ್ ಆರಿಸಿ ಪೂರ್ತಿ ತಣ್ಣಗಾಗಲು ಬಿಡಿ. ಒಂದು ರಾತ್ರಿ ಬಿಟ್ಟರೆ ಒಳ್ಳೆಯದು. ಬರ್ನ್ ಪಾಟ್, ಅಂದರೆ ಪೆಲೆಟ್ ಉರಿಯುವ ಬಟ್ಟಲು, ತೆಗೆದು ಅದರ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸಿ. ಅರ್ಧ ತೂತು ಮುಚ್ಚಿಕೊಂಡ ಪಾಟ್‌ನಲ್ಲಿ ಯಾವ ಪೆಲೆಟ್ ಹಾಕಿದರೂ ಕೆಟ್ಟದಾಗಿಯೇ ಉರಿಯುತ್ತದೆ. ಬೂದಿಯ ತಟ್ಟೆ ಖಾಲಿ ಮಾಡಿ, ಶಾಖದ ಕೊಳವೆಗಳನ್ನು ಕೆರೆಯಿರಿ, ಗಾಜು ಒರೆಸಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಹಚ್ಚಬೇಡಿ. ಬೂದಿ ಎಷ್ಟು ನಯ ಅಂದರೆ ಆ ಫಿಲ್ಟರ್ ದಾಟಿ ಮನೆ ತುಂಬ ಹರಡುತ್ತದೆ. ಒಂದು ಕಿಡಿ ಉಳಿದಿದ್ದರೆ ಚೀಲಕ್ಕೇ ಬೆಂಕಿ. ಬೂದಿಗೆಂದೇ ಬರುವ ಲೋಹದ ವ್ಯಾಕ್ಯೂಮ್ ಇರಲಿ, ಅದೂ ತಣ್ಣಗಾದ ಬೂದಿಗೆ ಮಾತ್ರ.

ಹಾಪರ್‌ನಲ್ಲಿ ಹಳೆಯ ಪೆಲೆಟ್ ಒಂದೂ ಇರಬಾರದು. ಹಾಪರ್ ಖಾಲಿಯಾದರೂ ಆಗರ್ ಕೊಳವೆಯೊಳಗೆ ಒಂದಿಷ್ಟು ಉಳಿದಿರುತ್ತದೆ. ಹೊಸದು ಸುರಿದ ಮೇಲೆ ಮೊದಲ ಅರ್ಧ ಗಂಟೆ ನೀವು ನೋಡುವುದು ಹಳೆಯ ಪೆಲೆಟ್ಟಿನ ಉರಿಯನ್ನೇ. ಆಗ ತೀರ್ಪು ಕೊಡಬೇಡಿ.

ಒಂದು ಹಿಡಿ ಪೆಲೆಟ್ ಬಿಳಿ ತಟ್ಟೆಗೆ ಹಾಕಿ ಉದ್ದ ನೋಡಿ, ಬರೆದುಕೊಳ್ಳಿ. ದಪ್ಪ ಎಲ್ಲದರದ್ದೂ ಸುಮಾರು 6 ಮಿಲಿಮೀಟರ್. ಉದ್ದದಲ್ಲೇ ಆಟ ಇರುವುದು. ಒಂದೂವರೆ ಇಂಚು ದಾಟಿದ ಕಡ್ಡಿಗಳು ಸಾಕಷ್ಟಿದ್ದರೆ ಹಾಪರ್‌ನಲ್ಲಿ ಕಮಾನು ಕಟ್ಟಿಕೊಂಡು, ಮೇಲೆ ತುಂಬಿದ್ದರೂ ಕೆಳಗೆ ಬೀಳದೆ ಉರಿ ಆರುತ್ತದೆ.

ಈಗ ಸೆಟ್ಟಿಂಗ್ ಬಿಟ್ಟು ಥರ್ಮೋಸ್ಟಾಟ್‌ಗೆ ಬನ್ನಿ. 20 ಡಿಗ್ರಿ ಸೆಲ್ಸಿಯಸ್‌ಗೆ ಇಡಿ, ಪರೀಕ್ಷೆ ಮುಗಿಯುವವರೆಗೆ ಕೈ ಹಾಕಬೇಡಿ. ಎಷ್ಟು ಬಿಸಿ ಬೇಕು ಅನ್ನುವುದನ್ನು ಮನೆ ತೀರ್ಮಾನಿಸಲಿ. ಅದಕ್ಕೆ ಎಷ್ಟು ಪೌಂಡ್ ಬೇಕಾಯಿತು ಅನ್ನುವುದು ನಿಮ್ಮ ಉತ್ತರ. ಚೀಲ 40 ಪೌಂಡ್, ಅಂದರೆ 18 ಕಿಲೋ. ಸುರಿದ ಹೊತ್ತು, ಮುಗಿದ ಹೊತ್ತು, ಹೊರಗಿನ ಉಷ್ಣಾಂಶ, ಈ ಮೂರು ಬರೆಯಿರಿ. ಗಾಳಿ ಬೀಸಿದ ದಿನ, ನೆಂಟರು ಬಂದು ಬಾಗಿಲು ತೆಗೆದು ಹಾಕಿದ ದಿನ ಲೆಕ್ಕಕ್ಕಿಲ್ಲ. ಒಂದೊಂದರದ್ದು ಕನಿಷ್ಠ ಮೂರು ಚೀಲ ಉರಿಸಿ. ಒಂದೇ ಚೀಲದಿಂದ ಏನೂ ತಿಳಿಯುವುದಿಲ್ಲ.

ಉರಿಯನ್ನೂ ಹೊಂದಿಸಬೇಕು. ಇದನ್ನು ಯಾರೂ ಮಾಡುವುದಿಲ್ಲ. ಪೆಲೆಟ್ ಬದಲಾದರೆ ಬೀಳುವ ತೂಕ ಬದಲಾಗುತ್ತದೆ, ಆಗ ಗಾಳಿಯ ಡ್ಯಾಂಪರ್ (ಗಾಳಿ ಎಷ್ಟು ಒಳಬರಬೇಕು ಅಂತ ಹೊಂದಿಸುವ ಬಾಗಿಲು) ಕೂಡ ಬದಲಾಗಬೇಕು. ಉರಿ ಕೆಂಪು ಕಿತ್ತಳೆಯಾಗಿ, ಸೋಮಾರಿಯಾಗಿ ತೂಗಾಡುತ್ತ, ತುದಿಯಲ್ಲಿ ಮಸಿ ಕಾಣಿಸಿದರೆ ಗಾಳಿ ಸಾಲದು. ಡ್ಯಾಂಪರ್ ಒಂದು ಎಳೆ ತೆರೆಯಿರಿ. ಸಣ್ಣ ಕೆಂಡಗಳು ಪಾಟ್‌ನಿಂದ ಆಚೆ ಹಾರಿದರೆ ಗಾಳಿ ಜಾಸ್ತಿ, ಮುಚ್ಚಿ. ಬೇಕಾದದ್ದು ಚುರುಕಾದ, ಗಿಡ್ಡನೆಯ, ಹೊಳೆಯುವ ಹಳದಿ ಉರಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಆಮೇಲೆ ಇಪ್ಪತ್ತು ನಿಮಿಷ ಸುಮ್ನೆ ಕಾಫಿ ಕುಡಿಯಿರಿ. ಮರುದಿನ ಗಾಜಿನ ಮೇಲೆ ತಿಳಿ ಬೂದು ಬಣ್ಣದ ಪುಡಿ ಕೂತಿದ್ದರೆ ಸರಿಯಾಗಿದೆ. ಕಪ್ಪಾಗಿದ್ದರೆ ಇನ್ನೂ ಗಾಳಿ ಬೇಕು.

ಹೊತ್ತಿಸುವ ಜೆಲ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಉರಿ ಮಂಕಾಯಿತು ಅಂತ ಬಿಸಿ ಪಾಟ್‌ಗೆ ಜೆಲ್ ಹಿಂಡುವುದನ್ನು ಕಣ್ಣಾರೆ ನೋಡಿದ್ದೇನೆ. ಅದು ಆವಿಯಾಗಿ ಭಗ್ಗನೆ ಮುಖಕ್ಕೇ ಬರುತ್ತದೆ. ತಣ್ಣಗಿರುವ ಪಾಟ್‌ಗೆ ಮಾತ್ರ, ಅದೂ ಸ್ಟವ್ ಕಂಪನಿ ಹಾಕಬಹುದು ಅಂದಿದ್ದರೆ ಮಾತ್ರ.

ಮೂರು ಚೀಲ ಮುಗಿದ ಮೇಲೆ ಸ್ಟವ್ ತಣಿಸಿ, ಬೂದಿಯನ್ನೆಲ್ಲ ಗುಡಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಶೇ 1 ಬೂದಿ ಇದ್ದರೆ ಮೂರು ಚೀಲಕ್ಕೆ 540 ಗ್ರಾಂ, ಶೇ 0.5 ಇದ್ದರೆ 270 ಗ್ರಾಂ ಆಗಬೇಕು. ಸ್ವಲ್ಪ ಬೂದಿ ಕೊಳವೆಗೆ ಹಾರಿಹೋಗಿರುತ್ತದೆ. ಹಾಗಾಗಿ ಚೀಲದ ಮೇಲಿನ ಅಂಕಿಗೆ ಹೋಲಿಸಬೇಡಿ, ಎರಡು ಪೆಲೆಟ್‌ಗಳನ್ನು ಒಂದಕ್ಕೊಂದು ಹೋಲಿಸಿ. ಬೂದಿಯ ಜೊತೆ ಪಾಟ್‌ನಲ್ಲಿ ಕಲ್ಲಿನಂಥ ಗಟ್ಟಿ ಕಿಟ್ಟ ಸಿಕ್ಕಿತಾ? ಅದೇ ಕ್ಲಿಂಕರ್. ತೊಗಟೆ, ಮಣ್ಣು, ಮರಳಿನಿಂದ ಬಂದ ಸಿಲಿಕಾ ಪೊಟ್ಯಾಶಿಯಂ ಜೊತೆ ಸೇರಿ ಕರಗಿ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ತೂತು ಮುಚ್ಚುವುದು ಇದೇ. ಬೂದಿ ಸ್ವಲ್ಪ ಜಾಸ್ತಿ ಇದ್ದರೂ ಸಹಿಸುತ್ತೇನೆ, ಕಿಟ್ಟ ಕಟ್ಟುವ ಪೆಲೆಟ್ಟನ್ನು ಮನೆಯೊಳಗೆ ಸೇರಿಸುವುದಿಲ್ಲ. ಮೇಲಿಂದ ಪೆಲೆಟ್ ಬೀಳುವ ಸ್ಟವ್‌ಗಳಿಗೆ ಇದು ದೊಡ್ಡ ಕಾಟ. ಕೆಳಗಿನಿಂದ ತಳ್ಳುವಂಥವು ಬೂದಿಯನ್ನು ತಾವೇ ಅಂಚಿಗೆ ನೂಕುವುದರಿಂದ ಒಂದಿಷ್ಟು ತಡೆದುಕೊಳ್ಳುತ್ತವೆ.

ಲೆಕ್ಕ

ಹಾರ್ಡ್‌ವುಡ್‌ಗೆ ಪೌಂಡಿಗೆ ಸುಮಾರು 8,200 ಬಿಟಿಯು (ಶಾಖ ಅಳೆಯುವ ಮಾನ), ಸಾಫ್ಟ್‌ವುಡ್‌ಗೆ ಸುಮಾರು 8,600 ಅಂತಿಟ್ಟುಕೊಳ್ಳಿ. ಚೀಲಕ್ಕೆ 3,28,000 ಮತ್ತು 3,44,000. ವ್ಯತ್ಯಾಸ ಶೇ 5ರಷ್ಟು. ಹಾರ್ಡ್‌ವುಡ್ ಟನ್ನಿಗೆ 300 ಡಾಲರ್ ಇದ್ದರೆ ಸಾಫ್ಟ್‌ವುಡ್‌ಗೆ 315 ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಆ ದುಡ್ಡು ಶಾಖಕ್ಕಲ್ಲ, ಬೂದಿ ಬಾಚುವ ಕೆಲಸ ತಪ್ಪಿದ್ದಕ್ಕೆ. ನನಗೆ ಅದೂ ದುಡ್ಡಿಗೆ ತಕ್ಕದ್ದೇ ಅನಿಸುತ್ತದೆ. ಚಳಿಗಾಲಕ್ಕೆ ಮೂರು ಟನ್ (ಇಲ್ಲಿನ ಟನ್ 2,000 ಪೌಂಡ್, ಸುಮಾರು 907 ಕಿಲೋ) ಉರಿಸುವ ಮನೆಯಲ್ಲಿ ಶೇ 1 ಅಂದರೆ 27 ಕಿಲೋ ಬೂದಿ, ಶೇ 0.5 ಅಂದರೆ ಅದರ ಅರ್ಧ.

ಆದರೆ ಈ ಶೇ 5 ಎಷ್ಟು ತೆಳು ನೋಡಿ. ಒಂದು ಪೆಲೆಟ್‌ನಲ್ಲಿ ತೇವ ಶೇ 4, ಇನ್ನೊಂದರಲ್ಲಿ ಶೇ 8 ಇದ್ದರೆ ಆ ವ್ಯತ್ಯಾಸವೇ ಮರದ ಜಾತಿಯ ಲಾಭವನ್ನು ಹೆಚ್ಚುಕಡಿಮೆ ನುಂಗಿಹಾಕುತ್ತದೆ. ಒಣಗಿದ ಓಕ್ ಪೆಲೆಟ್, ತೇವದ ಪೈನ್ ಪೆಲೆಟ್ಟಿಗೆ ಸಮಸಮ ನಿಲ್ಲುತ್ತದೆ. ಅದಕ್ಕೇ ಮರ ಕೇಳಿ ಕೊಳ್ಳುವುದಕ್ಕಿಂತ ಉರಿಸಿ ಕೊಳ್ಳಿ ಅನ್ನುವುದು.

ನಮ್ಮ ಮನೆಯಲ್ಲಿ ಅಕ್ಟೋಬರ್, ನವೆಂಬರ್‌ಗೆ ಅಗ್ಗದ ಬ್ಲೆಂಡ್. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಸಾಫ್ಟ್‌ವುಡ್. ಮಾರ್ಚ್‌ನಲ್ಲಿ ಮತ್ತೆ ಬ್ಲೆಂಡ್. ಕೊಳ್ಳುವುದು ಮಾತ್ರ ಬೇಸಿಗೆಯಲ್ಲಿ. ಮೊದಲ ಹಿಮ ಬಿದ್ದ ದಿನ ಅಂಗಡಿಗೆ ಓಡುವವರಿಗೆ ಸಿಗುವುದು ಉಳಿದ ಚೀಲ.

ಇಡುವುದು

ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಸೂರಿನಡಿ. ಚೀಲಕ್ಕೆ ಒಂದು ಸಣ್ಣ ತೂತು, ಒಂದು ಮಳೆ, ಅಷ್ಟಕ್ಕೇ ಒಳಗೆಲ್ಲ ನೆನೆದ ಅವಲಕ್ಕಿ. ಮತ್ತೆ ಒಣಗಿಸಿ ಉರಿಸುವ ಆಸೆ ಬೇಡ, ಆಗರ್‌ನಲ್ಲಿ ಸಿಕ್ಕಿಕೊಂಡು ಸಿಮೆಂಟ್ ಆಗುತ್ತದೆ. ಚೀಲ ಬಿಟ್ಟು, ಮುಚ್ಚಿದ ಕೋಣೆ ತುಂಬ ಬಿಡಿ ಪೆಲೆಟ್ ತುಂಬಿಸುವ ಯೂರೋಪಿನ ಪದ್ಧತಿಯವರು ಒಂದು ಎಚ್ಚರ ವಹಿಸಬೇಕು. ಹೊಸ ಪೆಲೆಟ್, ಅದರಲ್ಲೂ ಪೈನ್, ಸುಮ್ಮನೆ ಬಿದ್ದಿದ್ದಾಗಲೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಇಂಥ ಕೋಣೆಗೆ ಇಳಿದವರು ಸತ್ತಿದ್ದಾರೆ. ಗಾಳಿಯಾಡಿಸದೆ ಒಳಗೆ ಕಾಲಿಡಬೇಡಿ.

ಬೂದಿಯನ್ನು ಮುಚ್ಚಳ ಇರುವ ಲೋಹದ ಬಕೆಟ್‌ಗೆ ಹಾಕಿ, ಮರದ ಡೆಕ್ ಮೇಲೆ ಇಡದೆ ಕಲ್ಲು ಹಾಸಿನ ಮೇಲಿಡಿ. ಪೂರ್ತಿ ತಣಿದ ಮೇಲೆ ತೋಟಕ್ಕೆ ಸ್ವಲ್ಪ ಸ್ವಲ್ಪ ಎರಚಬಹುದು, ಹುಳಿ ಮಣ್ಣಿಗೆ ಒಳ್ಳೆಯದು. ಬ್ಲೂಬೆರಿ ಬುಡಕ್ಕೆ ಬೇಡ, ಅದಕ್ಕೆ ಹುಳಿ ಮಣ್ಣೇ ಬೇಕು. ಊರಿಂದ ಬಂದಿದ್ದ ಅಮ್ಮ ಮಾತ್ರ ಒಂದು ಡಬ್ಬ ಬೂದಿ ಎತ್ತಿಟ್ಟುಕೊಂಡು, ಇಲ್ಲಿನ ಸೋಪಿಗಿಂತ ಇದೇ ವಾಸಿ ಅಂತ ತಳ ಹಿಡಿದ ಪಾತ್ರೆ ತಿಕ್ಕಿದರು.